ಚೀಟಿ ಎತ್ತಿದ ದಿನವೇ ಸೋತ ತಂಡಗಳು: ರಗ್ಬಿ ವಿಶ್ವಕಪ್‌ನ ಹಳೆಯ ವಾದ

2012ರ ಡಿಸೆಂಬರ್ 1ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ಮತ್ತು ಆಸ್ಟ್ರೇಲಿಯಾ ಒಂದು ರಗ್ಬಿ ಟೆಸ್ಟ್ (ದೇಶ–ದೇಶಗಳ ನಡುವಿನ) ಪಂದ್ಯ ಆಡಿದವು. ಅದು ಯಾವ ದೊಡ್ಡ ಟೂರ್ನಿಯ ಭಾಗವೂ ಆಗಿರಲಿಲ್ಲ. ಕೊನೆಯ ನಿಮಿಷದವರೆಗೂ ವೇಲ್ಸ್ 12–9ರಿಂದ ಮುಂದಿತ್ತು. ಅಷ್ಟರಲ್ಲಿ ಆಸ್ಟ್ರೇಲಿಯಾದ ಕರ್ಟ್ಲಿ ಬೀಲ್ ಚೆಂಡು ಹಿಡಿದು ಮೂಲೆಗೆ ಓಡಿ ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಿ ಪಡೆಯುವ ಅಂಕ) ಗಳಿಸಿದರು. 14–12. ಆ ಸೋಲಿನಿಂದ ವೇಲ್ಸ್ ವಿಶ್ವ ರ‍್ಯಾಂಕಿಂಗ್‌ನಲ್ಲಿ ಒಂಬತ್ತನೇ ಸ್ಥಾನಕ್ಕೆ ಜಾರಿತು. ಎರಡೇ ದಿನ ಕಳೆದು ಲಂಡನ್‌ನಲ್ಲಿ 2015ರ ವಿಶ್ವಕಪ್‌ನ ಡ್ರಾ, ಅಂದರೆ ಯಾರು ಯಾವ ಗುಂಪಿಗೆ ಎಂದು ಚೀಟಿ ಎತ್ತುವ ಕೆಲಸ, ನಡೆಯಿತು. ಮೊದಲ ಎಂಟರೊಳಗೆ ಇಲ್ಲದ ವೇಲ್ಸ್, ರ‍್ಯಾಂಕಿಂಗ್ ಪ್ರಕಾರ ವಿಂಗಡಿಸಿದ ಸಾಲುಗಳಲ್ಲಿ ಮೂರನೆಯದರ ತಂಡವಾಗಿ, ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಇದ್ದ ಗುಂಪಿಗೇ ಬಂದು ಬಿತ್ತು. ಅದೇ ಗುಂಪಿನಲ್ಲಿ ಫಿಜಿಯೂ ಇತ್ತು. ಮುಂದಿನ ಹಂತಕ್ಕೆ ಹೋಗಲು ಇದ್ದದ್ದು ಎರಡೇ ಜಾಗ.

ಸುಮಾರು ಮೂರು ವರ್ಷದ ನಂತರ ಆತಿಥೇಯ ಇಂಗ್ಲೆಂಡ್ ತನ್ನ ನೆಲದಲ್ಲೇ ವೇಲ್ಸ್‌ಗೆ 28–25ರಿಂದ, ಆಸ್ಟ್ರೇಲಿಯಾಕ್ಕೆ 33–13ರಿಂದ ಸೋತು ಗುಂಪಿನ ಹಂತದಲ್ಲೇ ಹೊರಬಿತ್ತು. ಅಲ್ಲಿನ ಅಭಿಮಾನಿಗಳು ಕೋಚ್‌ನನ್ನು ಬೈದರು, ನಾಯಕನನ್ನು ಬೈದರು. ವೇಲ್ಸ್ ವಿರುದ್ಧ ಕೊನೆಯಲ್ಲಿ ಸಿಕ್ಕ ಪೆನಾಲ್ಟಿಯನ್ನು ಗೋಲಿಗೆ ಒದೆಯದೆ ಮೂಲೆಗೆ ಒದ್ದದ್ದೇಕೆ ಎಂದು ತಿಂಗಳುಗಟ್ಟಲೆ ಜಗಳವಾಡಿದರು. ಆದರೆ ಬೀಲ್‌ನ ಆ ಓಟ ಇಲ್ಲದಿದ್ದರೆ ಗುಂಪಿನ ಚಿತ್ರವೇ ಬೇರೆಯಾಗಿರುತ್ತಿತ್ತು.

ವಿಶ್ವಕಪ್ ಹತ್ತಿರ ಬಂದಂತೆ ರಗ್ಬಿ ಪ್ರೇಮಿಗಳು ‘ಈ ಸಲ ಯಾರು?’ ಎಂದು ವಾದಕ್ಕಿಳಿಯುತ್ತಾರೆ. ಯಾರ ಫಾರ್ಮ್ ಚೆನ್ನಾಗಿದೆ, ಯಾರ ಸ್ಕ್ರಮ್ (ಎರಡೂ ತಂಡದವರು ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವುದು) ಗಟ್ಟಿ, ಯಾರಿಗೆ ಗಾಯ ಎಂದು ಲೆಕ್ಕ ಹಾಕುತ್ತಾರೆ. ಈ ಟೂರ್ನಿಯ ಇತಿಹಾಸ ಓದಿದಷ್ಟೂ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಬೇರೆ. ಯಾವ ದೇಶಕ್ಕೆ ಎಷ್ಟು ಅವಕಾಶ ಎನ್ನುವುದರಲ್ಲಿ ದೊಡ್ಡ ಪಾಲು ಮೈದಾನದ ಹೊರಗೆ, ಸಭೆಗಳಲ್ಲಿ ತೀರ್ಮಾನವಾಗುತ್ತದೆ. ಡ್ರಾ ಯಾವಾಗ ಎತ್ತಬೇಕು, ಯಾರಿಗೆ ಎಷ್ಟು ದಿನ ವಿಶ್ರಾಂತಿ, ಯಾರು ಯಾವ ದೇಶಕ್ಕೆ ಆಡಬಹುದು, ಯಾರ ಜೊತೆ ಯಾರು ಆಡಬೇಕು ಎಂಬುದೆಲ್ಲ ಅಲ್ಲೇ ಆಗುವ ತೀರ್ಮಾನ.

ಮೊದಲ ವಿಶ್ವಕಪ್ ನಡೆದದ್ದು 1987ರಲ್ಲಿ, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದಲ್ಲಿ. ಅರ್ಹತಾ ಸುತ್ತು ಇರಲಿಲ್ಲ. ಹದಿನಾರು ದೇಶಗಳಿಗೆ ಆಹ್ವಾನ ಹೋಯಿತು, ಬಂದವರು ಆಡಿದರು. ವರ್ಣಭೇದ ನೀತಿಯ ಕಾರಣ ದಕ್ಷಿಣ ಆಫ್ರಿಕಾ ಆಡಲಿಲ್ಲ. ಸಮೋವಾ ಕರೆಯೇ ಬಾರದೆ ಉಳಿಯಿತು. ಆ ಪುಟ್ಟ ದ್ವೀಪದೇಶ 1991ರಲ್ಲಿ ಪಶ್ಚಿಮ ಸಮೋವಾ ಎಂಬ ಹೆಸರಿನಲ್ಲಿ ಬಂದು ಕಾರ್ಡಿಫ್‌ನಲ್ಲೇ ವೇಲ್ಸ್ ತಂಡವನ್ನು 16–13ರಿಂದ ಮಣಿಸಿತು. ಆಹ್ವಾನದ ಪಟ್ಟಿ ಎಷ್ಟು ತಪ್ಪಾಗಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1987ರ ಫೈನಲ್‌ನಲ್ಲಿ ನ್ಯೂಜಿಲೆಂಡ್ 29–9ರಿಂದ ಫ್ರಾನ್ಸನ್ನು ಸೋಲಿಸಿತು. ಅಲ್ಲಿಂದ ಮುಂದೆ ಶುರುವಾದದ್ದು ಈ ಟೂರ್ನಿಯ ಅತಿ ಉದ್ದದ ವಾದ. ವಿಶ್ವಕಪ್‌ಗಳ ನಡುವಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲರನ್ನೂ ಸೋಲಿಸುವ ಆಲ್ ಬ್ಲ್ಯಾಕ್ಸ್ (ನ್ಯೂಜಿಲೆಂಡ್ ತಂಡದ ಅಡ್ಡಹೆಸರು) ವಿಶ್ವಕಪ್‌ನಲ್ಲಿ ಯಾಕೆ ಮುಗ್ಗರಿಸುತ್ತಾರೆ? 1991ರ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸೋತರು. 1995ರ ಸೆಮಿಫೈನಲ್‌ನಲ್ಲಿ ಜೋನಾ ಲೋಮು ಒಬ್ಬರೇ ಇಂಗ್ಲೆಂಡ್ ವಿರುದ್ಧ ನಾಲ್ಕು ಟ್ರೈ ಗಳಿಸಿದರೂ ಫೈನಲ್‌ನಲ್ಲಿ ಹೆಚ್ಚುವರಿ ಸಮಯದ ಡ್ರಾಪ್ ಗೋಲ್‌ಗೆ (ಆಟದ ನಡುವೆ ಚೆಂಡನ್ನು ನೆಲಕ್ಕೆ ಪುಟಿಸಿ ಗೋಲಿಗೆ ಒದೆಯುವುದು), 15–12ರಿಂದ, ದಕ್ಷಿಣ ಆಫ್ರಿಕಾದೆದುರು ಸೋತರು. 1999ರಲ್ಲಿ ಫ್ರಾನ್ಸ್ 43–31. 2003ರಲ್ಲಿ ಮತ್ತೆ ಆಸ್ಟ್ರೇಲಿಯಾ. 2007ರ ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾನ್ಸ್ 20–18. ಆ ಪಂದ್ಯದಲ್ಲಿ ಫ್ರಾನ್ಸಿನ ಟ್ರೈಗೆ ಮುಂಚೆ ಚೆಂಡನ್ನು ನಿಯಮ ಮೀರಿ ಮುಂದಕ್ಕೆ ಎಸೆದದ್ದನ್ನು ರೆಫ್ರಿ ಗಮನಿಸಲಿಲ್ಲ ಎಂಬ ದೂರು ನ್ಯೂಜಿಲೆಂಡ್‌ನಲ್ಲಿ ಇಂದಿಗೂ ತಣ್ಣಗಾಗಿಲ್ಲ.

ಒತ್ತಡ ತಡೆಯಲಾರದ ತಂಡ ಎಂಬ ಹಣೆಪಟ್ಟಿ ಇಪ್ಪತ್ನಾಲ್ಕು ವರ್ಷ ಉಳಿಯಿತು. ಅದನ್ನು ಕಿತ್ತದ್ದು 2011ರ ಆಕ್ಲೆಂಡ್ ಫೈನಲ್. ಅದೂ ಹೇಗೆ? ಮುಖ್ಯ ಒದೆತಗಾರ ಡ್ಯಾನ್ ಕಾರ್ಟರ್ ಗಾಯಗೊಂಡು ಹೊರಗೆ. ಅವರ ಜಾಗಕ್ಕೆ ಬಂದ ಕಾಲಿನ್ ಸ್ಲೇಡ್ ಗಾಯಗೊಂಡರು. ಫೈನಲ್‌ನ ಮಧ್ಯದಲ್ಲೇ ಆ್ಯರನ್ ಕ್ರುಡನ್ ಕುಂಟುತ್ತ ಹೊರನಡೆದರು. ಮೂಲ ತಂಡದಲ್ಲಿ ಜಾಗ ಸಿಗದೆ, ಕರೆ ಬಂದ ಹೊತ್ತಿನಲ್ಲಿ ಮೀನು ಹಿಡಿಯಲು ಹೋಗಿದ್ದ ಸ್ಟೀಫನ್ ಡೊನಾಲ್ಡ್ ಮೈದಾನಕ್ಕಿಳಿದು ಒದ್ದ ಪೆನಾಲ್ಟಿಯಿಂದ ನ್ಯೂಜಿಲೆಂಡ್ 8–7ರಿಂದ ಗೆದ್ದಿತು. ಆ ಒಂದು ಪಾಯಿಂಟ್ ಅತ್ತ ಹೋಗಿದ್ದರೆ ಅದೇ ಆಟಗಾರರನ್ನು ಇವತ್ತಿಗೂ ಅಂಜುಬುರುಕರು ಎನ್ನುತ್ತಿದ್ದರು. ಮನೋಬಲದ ಬಗ್ಗೆ ಬರೆದ ನೂರಾರು ಪುಟಗಳನ್ನು ನಾನು ಪೂರ್ತಿ ನಂಬದಿರುವುದು ಈ ಕಾರಣಕ್ಕೇ.

ಈವರೆಗೆ ಪುರುಷರ ಹತ್ತು ವಿಶ್ವಕಪ್ ನಡೆದಿವೆ, ಗೆದ್ದವರು ನಾಲ್ಕೇ ದೇಶ. ದಕ್ಷಿಣ ಆಫ್ರಿಕಾ ನಾಲ್ಕು ಬಾರಿ, ನ್ಯೂಜಿಲೆಂಡ್ ಮೂರು, ಆಸ್ಟ್ರೇಲಿಯಾ ಎರಡು, ಇಂಗ್ಲೆಂಡ್ ಒಮ್ಮೆ. ಉತ್ತರ ಗೋಳಾರ್ಧಕ್ಕೆ ಸಿಕ್ಕದ್ದು 2003ರ ಆ ಒಂದೇ ಕಪ್. ಸಿಡ್ನಿಯಲ್ಲಿ ಜಾನಿ ವಿಲ್ಕಿನ್ಸನ್ ಹೆಚ್ಚುವರಿ ಸಮಯದ ಕೊನೆಯಲ್ಲಿ ತಮಗೆ ರೂಢಿಯಲ್ಲದ ಬಲಗಾಲಿನಿಂದ ಒದ್ದ ಡ್ರಾಪ್ ಗೋಲ್ ತಂದುಕೊಟ್ಟದ್ದು. 2015ರಲ್ಲಂತೂ ಸೆಮಿಫೈನಲ್ ತಲುಪಿದ ನಾಲ್ಕೂ ತಂಡ ದಕ್ಷಿಣದವು.

ದಕ್ಷಿಣ ಆಫ್ರಿಕಾದ ಲೆಕ್ಕ ಇನ್ನೂ ವಿಶೇಷ. ಮೊದಲ ಎರಡು ವಿಶ್ವಕಪ್‌ಗಳಲ್ಲಿ ಆಡದ ದೇಶ, ಆಡಿದ ಎಂಟರಲ್ಲಿ ನಾಲ್ಕನ್ನು ಗೆದ್ದಿದೆ. 2023ರಲ್ಲಿ ಕ್ವಾರ್ಟರ್‌ಫೈನಲ್ 29–28, ಸೆಮಿಫೈನಲ್ 16–15, ಫೈನಲ್ 12–11. ಮೂರೂ ಒಂದೊಂದೇ ಪಾಯಿಂಟ್ ಅಂತರ. ಇದನ್ನು ಅದೃಷ್ಟ ಎನ್ನುವವರು ಬೇಕಾದಷ್ಟು ಜನ. ನಾನು ಒಪ್ಪುವುದಿಲ್ಲ. ರಗ್ಬಿಯಲ್ಲಿ ಹದಿನೈದು ಮಂದಿ ಆಡುತ್ತಾರೆ, ಎಂಟು ಮಂದಿ ಬದಲಿ ಕೂತಿರುತ್ತಾರೆ. ಸಾಮಾನ್ಯವಾಗಿ ಆ ಎಂಟರಲ್ಲಿ ಐವರು ಸ್ಕ್ರಮ್‌ಗೆ ಹೆಗಲು ಕೊಡುವ ಫಾರ್ವರ್ಡ್‌ಗಳು, ಮೂವರು ಓಟಗಾರರು. ರಾಸಿ ಎರಾಸ್ಮಸ್ ಕೋಚ್ ಆಗಿದ್ದ 2019ರ ಫೈನಲ್‌ನಲ್ಲಿ ಅದನ್ನು ಆರು–ಎರಡು ಮಾಡಿದರು. 2023ರ ಫೈನಲ್‌ನಲ್ಲಿ ಏಳು–ಒಂದು. ಎದುರಾಳಿ ದಣಿಯುವ ಹೊತ್ತಿಗೆ ಹೊಸ ಫಾರ್ವರ್ಡ್‌ಗಳ ಗುಂಪೇ ಒಳಗೆ ಬರುತ್ತದೆ. 2023ರ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಬಹುಪಾಲು ಹೊತ್ತು ಮುಂದಿತ್ತು. ಬದಲಿಯಾಗಿ ಬಂದ ಆಕ್ಸ್ ನ್ಚೆ ಸ್ಕ್ರಮ್‌ನಲ್ಲಿ ಇಂಗ್ಲೆಂಡನ್ನು ಕುಸಿಸಿದರು, ಬದಲಿಯಾಗಿ ಬಂದ ಹ್ಯಾಂಡ್ರೆ ಪೊಲಾರ್ಡ್ ಕೊನೆಗೆ ದೂರದಿಂದ ಒದ್ದು ಗೆಲ್ಲಿಸಿದರು. ಆಳವಾದ ತಂಡ ಕಟ್ಟಿಕೊಂಡವರಿಗೆ ಆ ಒಂದು ಪಾಯಿಂಟ್ ಸಿಗುವ ಸಂಭವ ಹೆಚ್ಚು. ಅಷ್ಟು ಆಟಗಾರರು ಎಷ್ಟು ದೇಶಗಳ ಬಳಿ ಇದ್ದಾರೆ ಎನ್ನುವುದೇ ಪ್ರಶ್ನೆ.

ಐರ್ಲೆಂಡ್‌ನ ಕಥೆಗೆ ಸ್ವಲ್ಪ ನಿಲ್ಲಬೇಕು. ಎಂಟು ಸಲ ಕ್ವಾರ್ಟರ್‌ಫೈನಲ್ ಆಡಿ ಎಂಟೂ ಸಲ ಸೋತ ದೇಶ ಅದು. ಸೆಮಿಫೈನಲ್ ಮುಖವನ್ನೇ ಕಂಡಿಲ್ಲ. 2019ಕ್ಕೆ ವಿಶ್ವದ ನಂಬರ್ ಒನ್ ಆಗಿ ಬಂದು ನ್ಯೂಜಿಲೆಂಡ್‌ಗೆ 46–14ರಿಂದ ಸೋತಿತು. 2023ಕ್ಕೂ ನಂಬರ್ ಒನ್ ಆಗಿಯೇ ಬಂತು. ಸತತ ಹದಿನೇಳು ಗೆಲುವಿನ ಬೆನ್ನಿಗೆ ಮತ್ತೆ ಕ್ವಾರ್ಟರ್‌ಫೈನಲ್, ಮತ್ತೆ ನ್ಯೂಜಿಲೆಂಡ್, 28–24. ಕೊನೆಯಲ್ಲಿ ಚೆಂಡನ್ನು ಮೂವತ್ತೇಳು ಹಂತ (ಎದುರಾಳಿ ಕೆಡವಿದಾಗಲೆಲ್ಲ ಮತ್ತೆ ಮುನ್ನುಗ್ಗುತ್ತ) ಕೈಬಿಡದೆ ಹೊತ್ತಾಡಿದರೂ ಗೆರೆ ದಾಟಲಾಗಲಿಲ್ಲ. ನಾಯಕ ಜಾನಿ ಸೆಕ್ಸ್‌ಟನ್‌ಗೆ ಅದೇ ಕೊನೆಯ ಪಂದ್ಯ.

ಇದಕ್ಕೂ ಶಾಪ, ಒತ್ತಡ ಎಂದೆಲ್ಲ ಕಾರಣ ಕೊಟ್ಟರು. 2023ರ ಡ್ರಾ ಎತ್ತಿದ್ದು 2020ರ ಡಿಸೆಂಬರ್‌ನಲ್ಲಿ, ಟೂರ್ನಿಗೆ ಮೂವತ್ಮೂರು ತಿಂಗಳು ಮೊದಲು. ಕೋವಿಡ್‌ನಿಂದ ಪಂದ್ಯಗಳು ನಿಂತಿದ್ದರಿಂದ ಲೆಕ್ಕಕ್ಕೆ ಹಿಡಿದದ್ದು 2020ರ ಜನವರಿ 1ರ ರ‍್ಯಾಂಕಿಂಗ್. ಆಗ ವೇಲ್ಸ್ ಮೊದಲ ಸಾಲಿನಲ್ಲಿತ್ತು. ಫ್ರಾನ್ಸ್, ಐರ್ಲೆಂಡ್ ಎರಡನೆಯದರಲ್ಲಿ. ಟೂರ್ನಿ ಶುರುವಾಗುವ ಹೊತ್ತಿಗೆ ಲೋಕವೇ ತಲೆಕೆಳಗಾಗಿತ್ತು. ಆಗಿನ ಮೊದಲ ಐದು ತಂಡ, ಐರ್ಲೆಂಡ್, ದಕ್ಷಿಣ ಆಫ್ರಿಕಾ, ಫ್ರಾನ್ಸ್, ನ್ಯೂಜಿಲೆಂಡ್, ಸ್ಕಾಟ್ಲೆಂಡ್, ಎಲ್ಲವೂ ಎ ಮತ್ತು ಬಿ ಗುಂಪುಗಳಲ್ಲಿ. ಈ ಎರಡು ಗುಂಪಿನವರೇ ಕ್ವಾರ್ಟರ್‌ಫೈನಲ್‌ನಲ್ಲಿ ಪರಸ್ಪರ ಎದುರಾಗಬೇಕಿತ್ತು. ಹಾಗಾಗಿ ಅಕ್ಟೋಬರ್ ಮಧ್ಯದ ಒಂದೇ ವಾರಾಂತ್ಯದಲ್ಲಿ ಐರ್ಲೆಂಡ್ ಮತ್ತು ಆತಿಥೇಯ ಫ್ರಾನ್ಸ್ ಎರಡೂ ಮನೆಗೆ ಹೋದವು. ಫ್ರಾನ್ಸ್ ಸೋತದ್ದು ಒಂದು ಪಾಯಿಂಟ್‌ನಿಂದ. ತೋಮಾ ರಾಮೋಸ್ ಒದೆಯಲು ಬಂದ ಕನ್ವರ್ಷನ್ನನ್ನು (ಟ್ರೈ ನಂತರದ ಹೆಚ್ಚುವರಿ ಒದೆತ) ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬೆ ಓಡಿಬಂದು ಕೈಯಿಂದ ತಡೆದಿದ್ದರು. ಇನ್ನೊಂದು ಬದಿಯಲ್ಲಿ ಅರ್ಜೆಂಟೀನಾ ಸೆಮಿಫೈನಲ್ ತಲುಪಿ ನ್ಯೂಜಿಲೆಂಡ್ ಕೈಯಲ್ಲಿ 44–6ರಿಂದ ಸೋತಿತು. ಅತ್ಯುತ್ತಮ ಪಂದ್ಯಗಳು ಕ್ವಾರ್ಟರ್‌ಫೈನಲ್‌ನಲ್ಲೇ ಮುಗಿದುಹೋದವು. ಆಟವನ್ನು ಪ್ರೀತಿಸುವವರಿಗೆ ಇದು ಸಹಿಸಲಾಗದ ನಷ್ಟ, ಅದನ್ನು ತಪ್ಪಿಸಲು ಸಾಧ್ಯವಿತ್ತು.

ವಿಶ್ರಾಂತಿಯ ವಿಷಯದಲ್ಲೂ ಹೀಗೇ ಆಗಿದೆ. 2015ರ ಸೆಪ್ಟೆಂಬರ್ 19ರಂದು ಬ್ರೈಟನ್‌ನಲ್ಲಿ ಜಪಾನ್ ಕೊನೆಯ ಗಳಿಗೆಯ ಟ್ರೈಯಿಂದ ದಕ್ಷಿಣ ಆಫ್ರಿಕಾಕ್ಕೆ 34–32ರಿಂದ ನೀರು ಕುಡಿಸಿತು. ನಾಲ್ಕೇ ದಿನದಲ್ಲಿ, ಆವರೆಗೆ ಒಂದೂ ಪಂದ್ಯ ಆಡದೆ ತಾಜಾ ಆಗಿದ್ದ ಸ್ಕಾಟ್ಲೆಂಡ್‌ನ ಎದುರು ಇಳಿದು 45–10ರಿಂದ ಸೋತಿತು. ಗುಂಪಿನಲ್ಲಿ ಮೂರು ಪಂದ್ಯ ಗೆದ್ದೂ ಜಪಾನ್ ಮುಂದೆ ಹೋಗಲಿಲ್ಲ. 2019ರಲ್ಲಿ ತನ್ನ ನೆಲದಲ್ಲಿ, ಸಾಕಷ್ಟು ಬಿಡುವಿನ ವೇಳಾಪಟ್ಟಿಯಲ್ಲಿ ಆಡಿದಾಗ ಅದೇ ಜಪಾನ್ ಐರ್ಲೆಂಡನ್ನೂ ಸ್ಕಾಟ್ಲೆಂಡನ್ನೂ ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿತು. 2023ಕ್ಕೆ ಎಲ್ಲ ತಂಡಗಳಿಗೂ ಕನಿಷ್ಠ ಐದು ದಿನದ ಬಿಡುವು ಎಂಬ ನಿಯಮ ಬಂತು. ಬರಲು ಇಷ್ಟು ವರ್ಷ ಹಿಡಿಯಬಾರದಿತ್ತು.

ಇನ್ನು ಯಾರು ಯಾರಿಗೆ ಆಡಬಹುದು ಎಂಬ ಪ್ರಶ್ನೆ. ಮೊದಲು ಒಂದು ದೇಶದಲ್ಲಿ ಮೂರು ವರ್ಷ ನೆಲೆಸಿದರೆ ಅಲ್ಲಿಗೆ ಆಡಬಹುದಿತ್ತು. ನಂತರ ಅದನ್ನು ಐದಕ್ಕೆ ಏರಿಸಿದರು. 2023ರ ಆ ಕ್ವಾರ್ಟರ್‌ಫೈನಲ್‌ನಲ್ಲಿ ಐರ್ಲೆಂಡ್ ಪರ ಟ್ರೈ ಗಳಿಸಿದ ಬಂಡಿ ಆಕಿ ಮತ್ತು ಜೇಮಿಸನ್ ಗಿಬ್ಸನ್‌ಪಾರ್ಕ್ ಇಬ್ಬರೂ ಹುಟ್ಟಿದ್ದು ನ್ಯೂಜಿಲೆಂಡ್‌ನಲ್ಲಿ. ನಿಯಮದ ಒಳಗೇ ಆಡಿದವರನ್ನು ದೂರುವುದು ನ್ಯಾಯವಲ್ಲ. ದೊಡ್ಡ ಪೆಟ್ಟು ಬಿದ್ದದ್ದು ಫಿಜಿ, ಸಮೋವಾ, ಟೊಂಗಾಗಳಿಗೆ. ಒಂದು ಲಕ್ಷದಷ್ಟು ಜನರ ಟೊಂಗಾ, ಎರಡು ಲಕ್ಷದಷ್ಟು ಜನರ ಸಮೋವಾ. ಅಲ್ಲಿನ ಮೂಲದ ಹುಡುಗನೊಬ್ಬ ಆಲ್ ಬ್ಲ್ಯಾಕ್ಸ್‌ಗೆ ಒಂದೇ ಟೆಸ್ಟ್ ಆಡಿದರೂ ಮತ್ತೆ ತನ್ನವರಿಗೆ ಆಡುವಂತಿರಲಿಲ್ಲ. 2021ರ ನವೆಂಬರ್‌ನಲ್ಲಿ ಆಟದ ಜಾಗತಿಕ ಆಡಳಿತ ಸಂಸ್ಥೆ ವರ್ಲ್ಡ್ ರಗ್ಬಿ ಇದನ್ನು ಸಡಿಲಿಸಿತು. ಮೂರು ವರ್ಷ ಬಿಡುವಿನ ನಂತರ, ತಾನು, ಹೆತ್ತವರು ಅಥವಾ ಅಜ್ಜ–ಅಜ್ಜಿ ಹುಟ್ಟಿದ ದೇಶಕ್ಕೆ ಒಮ್ಮೆ ಮರಳಬಹುದು. ಆಲ್ ಬ್ಲ್ಯಾಕ್ಸ್‌ನಲ್ಲಿ ಆಡಿದ್ದ ಚಾರ್ಲ್ಸ್ ಪಿಯುಟಾವು, ಮಲಕಾಯ್ ಫೆಕಿಟೋವಾ ಟೊಂಗಾಕ್ಕೆ ಬಂದದ್ದು ಹೀಗೆ. ಫಿಜಿಗೆ ಇನ್ನೂ ದೊಡ್ಡ ಬಲ ಸಿಕ್ಕಿದ್ದು 2022ರಲ್ಲಿ ಫಿಜಿಯನ್ ಡ್ರುವಾ ತಂಡ ದಕ್ಷಿಣ ಗೋಳಾರ್ಧದ ಲೀಗ್ ಆದ ಸೂಪರ್ ರಗ್ಬಿ ಸೇರಿದಾಗ. ವರ್ಷವಿಡೀ ಗಟ್ಟಿ ಎದುರಾಳಿಗಳ ಜೊತೆ ಆಡಿದ ಫಲ ಮರುವರ್ಷವೇ ಕಂಡಿತು: ಆಸ್ಟ್ರೇಲಿಯಾ ವಿರುದ್ಧ 22–15ರ ಗೆಲುವು, ಆಸ್ಟ್ರೇಲಿಯಾ ಮೊದಲ ಬಾರಿಗೆ ಗುಂಪಿನ ಹಂತದಲ್ಲೇ ಮನೆಗೆ.

ಅಭಿಮಾನಿಗಳು ವಾದದಲ್ಲಿ ಬ್ರಹ್ಮಾಸ್ತ್ರದಂತೆ ಬಳಸುವ ರ‍್ಯಾಂಕಿಂಗ್‌ನ ಒಳಗುಟ್ಟು ಇಲ್ಲೇ ಇದೆ. 2003ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಒಬ್ಬರು ಗಳಿಸುವ ಪಾಯಿಂಟ್ ಇನ್ನೊಬ್ಬರು ಕಳೆದುಕೊಂಡದ್ದೇ. ಸಮಬಲರನ್ನು ಸೋಲಿಸಿದರೆ ಒಂದು ಪಾಯಿಂಟ್, ತನಗಿಂತ ಬಹಳ ಮೇಲಿನವರನ್ನು ಸೋಲಿಸಿದರೆ ಎರಡರವರೆಗೆ. ಹತ್ತು ಪಾಯಿಂಟ್ ಕೆಳಗಿನವರನ್ನು ಸೋಲಿಸಿದರೆ ಸೊನ್ನೆ. ತವರಿನ ತಂಡಕ್ಕೆ ಲೆಕ್ಕದಲ್ಲಿ ಮೂರು ಪಾಯಿಂಟ್ ಕೂಡಿಸುತ್ತಾರೆ, ಹದಿನೈದಕ್ಕಿಂತ ಹೆಚ್ಚಿನ ಅಂತರದ ಗೆಲುವಿಗೆ ಒಂದೂವರೆ ಪಟ್ಟು, ವಿಶ್ವಕಪ್ ಪಂದ್ಯಕ್ಕೆ ಎರಡು ಪಟ್ಟು. ಗಣಿತ ಸರಿಯಾಗಿಯೇ ಇದೆ. ಆದರೆ ಮೇಲಿನವರು ಆಡಲು ಕರೆಯದಿದ್ದರೆ ಕೆಳಗಿನವರು ಏರುವುದು ಹೇಗೆ? ಸಮೋವಾ ಮೂಲದ ಎಷ್ಟೋ ಆಟಗಾರರಿಂದ ಮೆರೆದ ಆಲ್ ಬ್ಲ್ಯಾಕ್ಸ್, ಸಮೋವಾದ ನೆಲದಲ್ಲಿ ಮೊದಲ ಟೆಸ್ಟ್ ಆಡಿದ್ದು 2015ರಲ್ಲಿ!

ಭಾರತಕ್ಕೆ ಈ ವಿಶ್ವಕಪ್ ಇನ್ನೂ ದೂರ. ಆದರೂ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಸೆಣಸುವ ಕಲ್ಕತ್ತಾ ಕಪ್ ನಮ್ಮ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ್ದು. ಕಲ್ಕತ್ತಾದ ರಗ್ಬಿ ಕ್ಲಬ್ ಮುಚ್ಚಿದಾಗ ಉಳಿದ ಹಣದಲ್ಲಿ ಮಾಡಿಸಿದ ಅದರ ಹಿಡಿಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ಏಳು ಮಂದಿಯ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರಿನ ಹೆಸರಿನದೂ ಒಂದು ತಂಡವಿತ್ತು.

2027ರ ವಿಶ್ವಕಪ್ ಆಸ್ಟ್ರೇಲಿಯಾದಲ್ಲಿ, ಅಕ್ಟೋಬರ್ 1ರಿಂದ. ಈ ಸಲ ಇಪ್ಪತ್ನಾಲ್ಕು ತಂಡ, ಆರು ಗುಂಪು, ನಂತರ ಹದಿನಾರರ ಸುತ್ತು. ಡ್ರಾ 2025ರ ಡಿಸೆಂಬರ್‌ನಲ್ಲಿ ಆಯಿತು. ಮೂವತ್ಮೂರು ತಿಂಗಳ ಬದಲು ಇಪ್ಪತ್ತೆರಡು. ಸುಧಾರಣೆ ನಿಜ, ಸಾಲದು. ರ‍್ಯಾಂಕಿಂಗ್‌ನಲ್ಲಿ ಮೊದಲ ಆರರೊಳಗೆ ಇಲ್ಲದ ಆತಿಥೇಯ ಆಸ್ಟ್ರೇಲಿಯಾ ನ್ಯೂಜಿಲೆಂಡ್ ಗುಂಪಿಗೆ ಬಿದ್ದಿದೆ, ಐರ್ಲೆಂಡ್‌ಗೆ ಮತ್ತೊಮ್ಮೆ ಸ್ಕಾಟ್ಲೆಂಡ್ ಜೊತೆಯಾಗಿದೆ. 1991ರ ನಂತರ ಮೊದಲ ಬಾರಿಗೆ ಜಿಂಬಾಬ್ವೆ ಬರುತ್ತಿದೆ. ಸಮೋವಾ ಬೆಲ್ಜಿಯಂ ಜೊತೆ 13–13ರ ಸಮಬಲ ಸಾಧಿಸಿ ಕಟ್ಟಕಡೆಯ ಜಾಗ ಹಿಡಿದಿದೆ. ಅದೇ ವೇಳೆಗೆ 2026ರ ಜುಲೈನಿಂದ ಹನ್ನೆರಡು ದೇಶಗಳ ನೇಷನ್ಸ್ ಚಾಂಪಿಯನ್‌ಶಿಪ್ ನಿಗದಿಯಾಗಿದೆ. ಫಿಜಿ, ಜಪಾನ್ ಒಳಗಿವೆ, ಸಮೋವಾ, ಟೊಂಗಾ, ಜಾರ್ಜಿಯಾ ಹೊರಗಿವೆ. 2023ರಲ್ಲಿ ಒಪ್ಪಿದ ಯೋಜನೆಯಂತೆ 2030ರವರೆಗೆ ಆ ಬಾಗಿಲು ತೆರೆಯುವುದಿಲ್ಲ.

ಕಪ್ ಯಾರಿಗೆ ಎಂದರೆ ನಾನು ದಕ್ಷಿಣ ಆಫ್ರಿಕಾದ ಹೆಸರು ಹೇಳುತ್ತೇನೆ, ನಂತರ ಫ್ರಾನ್ಸ್. ನಾನು ಹೆಚ್ಚು ಕಾಯುತ್ತಿರುವುದು ದಕ್ಷಿಣ ಆಫ್ರಿಕಾದ ಗುಂಪಿನಲ್ಲೇ ಇರುವ ಇಟಲಿ ಮತ್ತು ಜಾರ್ಜಿಯಾ ಪಂದ್ಯಕ್ಕೆ. 2022ರಲ್ಲಿ ಜಾರ್ಜಿಯಾ ತನ್ನ ನೆಲದಲ್ಲಿ ಇಟಲಿಯನ್ನು 28–19ರಿಂದ, ಕಾರ್ಡಿಫ್‌ಗೆ ಹೋಗಿ ವೇಲ್ಸ್ ತಂಡವನ್ನು 13–12ರಿಂದ ಸೋಲಿಸಿತ್ತು. ಮರುವರ್ಷದ ವಿಶ್ವಕಪ್‌ನಲ್ಲಿ ಒಂದೂ ಪಂದ್ಯ ಗೆಲ್ಲಲಿಲ್ಲ. ಇಟಲಿ ವರ್ಷವರ್ಷವೂ ಯುರೋಪಿನ ಆರು ದೇಶಗಳ ಟೂರ್ನಿ ಸಿಕ್ಸ್ ನೇಷನ್ಸ್‌ನಲ್ಲಿ ಐದು ಬಲಿಷ್ಠ ತಂಡಗಳೆದುರು ಆಡುತ್ತದೆ. ಈಗಿನಿಂದ 2027ರ ಅಕ್ಟೋಬರ್‌ವರೆಗೆ ಜಾರ್ಜಿಯಾಕ್ಕೆ ಅಂಥ ಎಷ್ಟು ಪಂದ್ಯ ಸಿಗುತ್ತವೆ ಎಂದು ನೋಡಿಕೊಂಡೇ ಆ ಪಂದ್ಯದ ಬಗ್ಗೆ ನನ್ನ ಅಂದಾಜು ಹೇಳುತ್ತೇನೆ.