ಮರಿ ಹಾಕಿಸುವ ಮುಂಚೆ ಮೂಗು ನೋಡಿ

ಬುಲ್‌ಡಾಗ್ ಗೊರಕೆ ಹೊಡೆಯುವ ವಿಡಿಯೊ ನೋಡಿ ನಗದವರು ಕಮ್ಮಿ. ದಾವಣಗೆರೆಯ ನಮ್ಮ ಭಾವನ ಮನೆಯಲ್ಲೂ ಒಂದಿದೆ, ಮೂರು ವರ್ಷದ ಹೆಣ್ಣು. ಅದು ಮಲಗಿತೆಂದರೆ ಪಕ್ಕದ ರೂಮಿನಲ್ಲಿ ಟಿವಿ ಸೌಂಡ್ ಜಾಸ್ತಿ ಮಾಡಬೇಕು. ಹೋದ ವರ್ಷ ಭಾವನಿಗೆ ಒಂದು ಆಸೆ ಬಂತು. "ಒಂದೇ ಒಂದು ಸಲ ಮರಿ ಹಾಕಿಸೋಣ, ಮನೇಲೇ, ಚೆನ್ನಾಗಿ ನೋಡ್ಕೊಂಡು. ವ್ಯಾಪಾರಕ್ಕೇನಲ್ಲ" ಅಂದರು. ಆಸೆಯಲ್ಲಿ ತಪ್ಪೇನಿಲ್ಲ. ಹತ್ತಿಪ್ಪತ್ತು ಹೆಣ್ಣು ನಾಯಿ ಕೂಡಿಹಾಕಿ ಮರಿ ಮಾರುವವರಿಗಿಂತ ಮನೆಯವರೇ ವಾಸಿ. ಆದರೆ ಬುಲ್‌ಡಾಗ್ ವಿಷಯದಲ್ಲಿ ಪ್ರೀತಿ, ಬೆಚ್ಚನೆ ಹಾಸಿಗೆ, ಒಳ್ಳೆ ಊಟ ಎಲ್ಲ ಆಮೇಲಿನ ಮಾತು. ಮೊದಲು ಆ ಗೊರಕೆ ಯಾಕೆ ಬರುತ್ತಿದೆ ಅಂತ ನೋಡಬೇಕು.

ಇಂಗ್ಲೆಂಡಿನಲ್ಲಿ ಹಿಂದೆ ಗೂಳಿಯನ್ನು ಕಟ್ಟಿಹಾಕಿ ಅದರ ಮೇಲೆ ನಾಯಿ ಬಿಡುವ ಆಟ ಇತ್ತು. 1835ರಲ್ಲಿ ಕಾನೂನು ಬಂದು ಅದು ನಿಂತಿತು. ನಾಯಿಗೆ ಕೆಲಸ ಹೋಯಿತು, ಆಮೇಲೆ ಡಾಗ್ ಶೋಗಳ ಕಾಲ ಬಂತು. ದೊಡ್ಡ ತಲೆ, ಚಪ್ಪಟೆ ಮುಖ, ಅಗಲ ಭುಜ ಇದ್ದ ನಾಯಿಗೆ ಬಹುಮಾನ, ಬಹುಮಾನ ಬಂದದ್ದಕ್ಕೇ ಮತ್ತೆ ಮರಿ. ಹೀಗೆ ತಲೆಮಾರು ತಲೆಮಾರು ಆರಿಸುತ್ತಾ ಹೋದರೆ ಮೂಳೆ ಗಿಡ್ಡ ಆಗುತ್ತದೆ. ಆದರೆ ಒಳಗಿನ ಮಾಂಸ ಅದೇ ಲೆಕ್ಕದಲ್ಲಿ ಗಿಡ್ಡ ಆಗಲಿಲ್ಲ. ದೊಡ್ಡ ಹಾಸಿಗೆಯನ್ನು ಸಣ್ಣ ಟ್ರಂಕಿಗೆ ತುರುಕಿದ ಹಾಗಾಯಿತು. ಮೂಗಿನ ಹೊಳ್ಳೆ ಕಿರಿದಾಗಿ ಸೀಳಿನಂತಾಯಿತು, ಅಂಗುಳದ ಮೆತ್ತನೆ ಭಾಗ ಗಂಟಲಿಗೆ ಜೋತುಬಿತ್ತು, ಎಷ್ಟೋ ನಾಯಿಗಳಲ್ಲಿ ಶ್ವಾಸನಾಳವೂ ಸಣ್ಣದು. ಆ ಜೋತುಬಿದ್ದ ಮಾಂಸ ಅದುರುವ ಸದ್ದೇ ನಾವು ನಗುವ ಗೊರಕೆ.

ಇದರ ಹಿಂದಿನ ಜೀನ್‌ಗಳಲ್ಲಿ ಕೆಲವು ಈಗ ಗೊತ್ತಾಗಿವೆ. ಎಡಿನ್‌ಬರ‍್ರಾದ ವಿಜ್ಞಾನಿಗಳು 2017ರಲ್ಲಿ ಎಸ್‌ಎಂಒಸಿ2 ಅನ್ನುವ ಜೀನ್ ತೋರಿಸಿದರು. ಜಾಗ ಬದಲಿಸುವ ಡಿಎನ್‌ಎ ತುಣುಕೊಂದು ಅದರೊಳಗೆ ಬಂದು ಕೂತು ಅದರ ಕೆಲಸ ತಗ್ಗಿಸಿಬಿಟ್ಟಿದೆ. ನಾಯಿಗಳ ಮುಖದ ಉದ್ದದಲ್ಲಿ ಕಾಣುವ ವ್ಯತ್ಯಾಸಕ್ಕೆ ಸುಮಾರು 36% ಕಾರಣ ಇದೊಂದೇ. ಬುಲ್‌ಡಾಗಿನ ತಿರುಚಿದ ಬಾಲಕ್ಕೆ ಬೇರೆ ಜೀನ್ ಇದೆ, ಆ ಬದಲಾವಣೆ ಬೆನ್ನೆಲುಬನ್ನೂ ಮುಟ್ಟುತ್ತದೆ. ಇಂಥವು ಈ ತಳಿಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿವೆ ಎಂದರೆ ಸುಮ್ನೆ ಒಳ್ಳೆ ಜೋಡಿ ಹುಡುಕಿದರೆ ಹೋಗುವುದಿಲ್ಲ. 2016ರಲ್ಲಿ 102 ಬುಲ್‌ಡಾಗ್‌ಗಳ ಡಿಎನ್‌ಎ ನೋಡಿದ ಅಮೆರಿಕದ ಸಂಶೋಧಕರಿಗೂ ತಳಿಯೊಳಗೆ ವೈವಿಧ್ಯ ತೀರಾ ಕಮ್ಮಿ ಅನ್ನಿಸಿತು. ಹಾಗಾಗಿ ಮನೆಯಲ್ಲಿ ಮರಿ ಮಾಡಿಸುವವರ ಕೈಯಲ್ಲಿ ಇರುವುದು ಒಂದೇ ದಾರಿ. ಇದ್ದುದರಲ್ಲಿ ಚೆನ್ನಾಗಿ ಉಸಿರಾಡುವುದನ್ನು ಆರಿಸಬೇಕು, ಉಳಿದದ್ದನ್ನು ಬಿಡಬೇಕು.

ಚೆನ್ನಾಗಿ ಉಸಿರಾಡುತ್ತದೆ ಅಂತ ಗೊತ್ತಾಗುವುದು ಹೇಗೆ? ಇದಕ್ಕೆ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಒಂದು ಪರೀಕ್ಷೆ ಮಾಡಿದ್ದಾರೆ, ಬ್ರಿಟನ್ನಿನಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಅದನ್ನು 2019ರಿಂದ ನಡೆಸುತ್ತಿದೆ. ಬಹಳ ಸರಳ. ಡಾಕ್ಟರು ಗಂಟಲಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಾರೆ. ನಾಯಿಯನ್ನು ಮೂರು ನಿಮಿಷ ಚುರುಕಾಗಿ ಓಡಿಸುತ್ತಾರೆ. ಮತ್ತೆ ಕೇಳುತ್ತಾರೆ. ಸೊನ್ನೆಯಿಂದ ಮೂರರವರೆಗೆ ಗ್ರೇಡ್, ಮೂರು ಬಂದರೆ ಮರಿ ಮಾಡಿಸಬಾರದು. ಮನೆಯಲ್ಲಿ ಆರಾಮಾಗಿ ಮಲಗಿರುವಾಗ ಗೊತ್ತಾಗದ್ದು ಆ ಮೂರು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ನಾಯಿಗೆ ನಮ್ಮ ಹಾಗೆ ಮೈತುಂಬಾ ಬೆವರಿಲ್ಲ, ಏದುಸಿರು ಬಿಟ್ಟೇ ಮೈ ತಣ್ಣಗಾಗಬೇಕು. ಬ್ರಿಟನ್ನಿನಂಥ ತಂಪು ದೇಶದಲ್ಲೇ ಬುಲ್‌ಡಾಗಿಗೆ ಬಿಸಿಲಾಘಾತದ ಅಪಾಯ ಲ್ಯಾಬ್ರಡಾರ್‌ಗಿಂತ ಸುಮಾರು 14 ಪಟ್ಟು ಎಂದು 2020ರ ಅಧ್ಯಯನ ಹೇಳಿತು. ನಮ್ಮ ಏಪ್ರಿಲ್ ತಿಂಗಳು ನೆನೆಸಿಕೊಳ್ಳಿ.

ಇನ್ನೊಂದು ಮಾತು. ಹೊಳ್ಳೆಗೆ ಆಪರೇಷನ್ ಮಾಡಿಸಿದ ನಾಯಿ ಚೆನ್ನಾಗಿ ಉಸಿರಾಡುತ್ತದೆ, ಅಲ್ವಾ? ಹೌದು, ಆ ನಾಯಿ ಉಸಿರಾಡುತ್ತದೆ. ಮರಿಗೆ ಹೋಗುವುದು ಹಳೆಯ ಜೀನೇ. ಮೂತ್ರದಲ್ಲಿ ಕಲ್ಲು ಕಟ್ಟುವ ಇನ್ನೊಂದು ದೋಷವೂ ಈ ತಳಿಯಲ್ಲಿದೆ, ಅದು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಟ ಕೊಡುತ್ತದೆ. ಅದಕ್ಕೆ ಡಿಎನ್‌ಎ ಟೆಸ್ಟ್ ಇದೆ. ಕ್ರಾಸ್ ಮಾಡಿಸುವ ಮುಂಚೆ ಇಬ್ಬರಿಗೂ ಮಾಡಿಸಿ.

ಸರಿ, ಇಷ್ಟೂ ಪಾಸಾಯಿತು ಅನ್ನಿ. ಆಗ ಬರುವುದು ತಲೆಯ ಪ್ರಶ್ನೆ. ಮರಿಯ ತಲೆ, ಭುಜ ದೊಡ್ಡದು, ತಾಯಿಯ ಸೊಂಟ ಸಣ್ಣದು. ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಬುಲ್‌ಡಾಗ್ ಹೆರಿಗೆಗಳಲ್ಲಿ 86% ಸಿಸೇರಿಯನ್ನೇ. "ನಮ್ಮಜ್ಜಿ ಕೊಟ್ಟಿಗೆಯಲ್ಲಿ ಎಷ್ಟು ಕರು ಹಾಕಿಸಿಲ್ಲ" ಎನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸಿಸೇರಿಯನ್ನಿನಲ್ಲಿ ಎಲ್ಲ ಇರುವುದು ದಿನದ ಲೆಕ್ಕದಲ್ಲಿ. ಮರಿಯ ಶ್ವಾಸಕೋಶದೊಳಗೆ ಸೋಪಿನ ನೀರಿನಂಥ ತೆಳು ಪದರವೊಂದು ಕೊನೆಯ ದಿನಗಳಲ್ಲಿ ತಯಾರಾಗುತ್ತದೆ. ಅದಿಲ್ಲದಿದ್ದರೆ ಗಾಳಿಗುಳ್ಳೆಗಳು ಒದ್ದೆ ಪ್ಲಾಸ್ಟಿಕ್ ಕವರಿನಂತೆ ಅಂಟಿಕೊಳ್ಳುತ್ತವೆ, ಮರಿ ಉಸಿರು ಎಳೆಯಲಾರದು. ಎರಡು ದಿನ ಮುಂಚೆ ತೆಗೆದರೂ ಕೈಗೆ ಸಿಗದೇ ಹೋಗಬಹುದು. ಕ್ರಾಸ್ ಮಾಡಿಸಿದ ದಿನದಿಂದ ಎಣಿಸಿದರೆ ಒಂದು ವಾರದಷ್ಟು ಹೆಚ್ಚುಕಮ್ಮಿ ಆಗಬಹುದು, ಏಕೆಂದರೆ ವೀರ್ಯ ಒಳಗೆ ಹಲವು ದಿನ ಬದುಕಿರುತ್ತದೆ. ಅಂಡ ಬಿಟ್ಟ ದಿನದಿಂದ ಎಣಿಸಿದರೆ ಒಂದೆರಡು ದಿನ ಆಚೀಚೆ 63. ಆ ದಿನ ತಿಳಿಯಲು ನಾಯಿ ಹೀಟ್‌ಗೆ, ಅಂದರೆ ಬೆದೆಗೆ, ಬಂದಾಗಲೇ ಎರಡು ಮೂರು ಸಲ ರಕ್ತ ಕೊಟ್ಟು ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಎಷ್ಟಿದೆ ಅಂತ ನೋಡಿಸಿರಬೇಕು. ಕೊನೆಯ ವಾರ ದಿನಕ್ಕೆ ಎರಡು ಮೂರು ಸಲ ಟೆಂಪರೇಚರ್ ಬರೆದಿಡಿ, 99 ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಒಂದು ಮರಿಯೂ ಹೊರಬರುವ ಮುಂಚೆ ಹಸಿರು ನೀರು ಕಂಡಿತೋ, ಮಾಸು ಬಿಟ್ಟುಕೊಂಡಿದೆ ಎಂದರ್ಥ. ರಾತ್ರಿ ಎರಡು ಗಂಟೆಯಾದರೂ ಗಾಡಿ ತೆಗೆಯಲೇಬೇಕು.

ಮನೆಗೆ ಬಂದ ಮೇಲೆ ನಿಜವಾದ ದುಡಿಮೆ. ತಾಯಿ ಅರೆಮಂಪರಿನಲ್ಲಿರುತ್ತದೆ, ಹೆತ್ತದ್ದೇ ಗೊತ್ತಿಲ್ಲದ ಹಾಗೆ ಮರಿಗಳನ್ನು ನೋಡುತ್ತದೆ. ಭಾರದ ಮೈ, ಗೊತ್ತಿಲ್ಲದೆ ಮರಿಯ ಮೇಲೇ ಕೂರುತ್ತದೆ. ಅದಕ್ಕೇ ಅನುಭವ ಇರುವವರು ಮರಿಗಳನ್ನು ಬೇರೆ ಡಬ್ಬದಲ್ಲಿಟ್ಟು, ಎರಡು ಮೂರು ಗಂಟೆಗೊಮ್ಮೆ ತಂದು ಮೊಲೆಗೆ ಹಿಡಿಯುತ್ತಾರೆ. ಹಗಲೂ ರಾತ್ರಿ. ಗಿಣ್ಣು ಹಾಲು ಮೊದಲ ದಿನವೇ ಹೊಟ್ಟೆ ಸೇರಬೇಕು. ಮೊದಲ ವಾರ ಮರಿಗೆ ತನ್ನ ಮೈ ಬಿಸಿ ತಾನೇ ಕಾಯ್ದುಕೊಳ್ಳಲು ಬರುವುದಿಲ್ಲ, ಡಬ್ಬದೊಳಗೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ ಬರೆಯಿರಿ, ತೂಕ ನಿಂತ ಮರಿ ಅಳುವ ಮುಂಚೆ ತಕ್ಕಡಿಯೇ ಹೇಳುತ್ತದೆ. ಇನ್ನು ನಮ್ಮ ಮನೆಗಳ ನುಣುಪು ಟೈಲ್ಸ್! ಬುಲ್‌ಡಾಗ್ ಮರಿಗಳಲ್ಲಿ ಕೆಲವು ಕಾಲು ಆಚೀಚೆ ಚಾಚಿ ಕಪ್ಪೆ ಈಜುವ ಹಾಗೆ ಎದೆಯ ಮೇಲೇ ಉಳಿದುಬಿಡುತ್ತವೆ. ಜಾರುವ ನೆಲ ಅದನ್ನು ಇನ್ನೂ ಕೆಡಿಸುತ್ತದೆ. ತೊಳೆದ ಗೋಣಿಚೀಲ ಹಾಸಿದರೂ ಸಾಕು, ಕಾಲಿಗೆ ಹಿಡಿತ ಸಿಗುತ್ತದೆ.

ಕಾನೂನೂ ಇದೆ. 2017ರ ಕೇಂದ್ರದ ನಿಯಮದ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹೆಣ್ಣಿಗೆ 18 ತಿಂಗಳು ತುಂಬಿರಬೇಕು, ಸಾಲಾಗಿ ಎರಡು ಹೀಟ್‌ಗೆ ಮರಿ ಮಾಡಿಸುವಂತಿಲ್ಲ, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ.

ಭಾವ ನಾಯಿಯನ್ನು ಕರೆದುಕೊಂಡು ಹೋಗಿದ್ದು ಡಿಸೆಂಬರ್‌ನಲ್ಲಿ, ತಂಪು ಬೆಳಗ್ಗೆ. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಓಡಿಸಿದರು. ಎರಡನೇ ನಿಮಿಷಕ್ಕೇ ಗರಗಸ ಎಳೆದಂಥ ಸದ್ದು. ಡಾಕ್ಟರು ಸ್ಟೆತಾಸ್ಕೋಪನ್ನು ಭಾವನ ಕಿವಿಗೇ ಕೊಟ್ಟರು. ಭಾವ ಸ್ವಲ್ಪ ಹೊತ್ತು ಕೇಳಿ, ಏನೂ ಮಾತಾಡದೆ ವಾಪಸ್ ಕೊಟ್ಟರು. ಜನವರಿಯಲ್ಲಿ ಎರಡು ಆಪರೇಷನ್ ಒಟ್ಟಿಗೇ ಆಯಿತು, ಮೂಗಿಗೊಂದು, ಗರ್ಭಕೋಶಕ್ಕೊಂದು. ಗೊರಕೆ ಈಗಲೂ ಇದೆ, ಟಿವಿ ಸೌಂಡ್ ಮಾತ್ರ ಕಮ್ಮಿ ಇಟ್ಟರೂ ಕೇಳುತ್ತದಂತೆ.