ಧ್ವನಿ ಎಲ್ಲಿ ಹೋಯಿತು, ಬುಕ್‌ಮಾರ್ಕ್ ಎಲ್ಲಿ ಉಳಿಯಿತು

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ, ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕಿಕೊಡಿ ಎಂದು ಕೇಳುವ ಕನ್ನಡ ಕುಟುಂಬಗಳು ಠಾಣೆ, ಮುಲುಂಡ್, ಡೊಂಬಿವಲಿ ಕಡೆಗಳಲ್ಲಿ ಹೆಚ್ಚಾಗಿವೆ. ವಿಂಡೋಸ್ 11ರ ಷರತ್ತುಗಳಿಗೆ ಹೊಂದದಿದ್ದರೂ ಇನ್ನೂ ಹಲವು ವರ್ಷ ದುಡಿಯಬಲ್ಲ ಯಂತ್ರಗಳು ಇವು. ಹೊಸ ವ್ಯವಸ್ಥೆ ಬಂದ ಕೆಲವೇ ದಿನಗಳಲ್ಲಿ ಈ ಮನೆಗಳಿಂದ ಸಾಮಾನ್ಯವಾಗಿ ಎರಡು ದೂರುಗಳು ಬರುತ್ತವೆ. ಬ್ರೌಸರಿನಲ್ಲಿ ಉಳಿಸಿಟ್ಟ ಪುಟಗಳ ಕೊಂಡಿಗಳು, ಅಂದರೆ ಬುಕ್‌ಮಾರ್ಕ್‌ಗಳೆಲ್ಲ ಮಾಯವಾಗಿವೆ ಎನ್ನುವುದು ಮೊದಲನೆಯದು. ಹೆಡ್‌ಫೋನ್ ಸಿಕ್ಕಿಸಿದರೆ ಏನೂ ಕೇಳಿಸುವುದಿಲ್ಲ ಎನ್ನುವುದು ಎರಡನೆಯದು. ನೋಡುವುದಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ದೂರುಗಳಾದರೂ ಎರಡರ ಮೂಲ ಹೆಚ್ಚಿನ ಸಲ ಒಂದೇ ಆಗಿರುತ್ತದೆ. ಲಿನಕ್ಸ್‌ನಲ್ಲಿ ಬುಕ್‌ಮಾರ್ಕ್ ಕೂರಲು ಹಲವು ಜಾಗಗಳಿವೆ, ಧ್ವನಿ ಹೊರಡಲು ಹಲವು ದಾರಿಗಳಿವೆ, ಅವುಗಳಲ್ಲಿ ಒಂದನ್ನು ಯಂತ್ರವು ನಮಗೆ ತಿಳಿಸದೆ ಆರಿಸಿಕೊಂಡಿರುತ್ತದೆ. ಆದ್ದರಿಂದ ಕೆಟ್ಟಿದ್ದು ಏನು ಎಂದು ಹುಡುಕುವ ಮೊದಲು, ಯಾವುದನ್ನು ಆರಿಸಿಕೊಂಡಿದೆ ಎಂದು ನೋಡುವುದು ಸರಿಯಾದ ಕ್ರಮ.

ಬುಕ್‌ಮಾರ್ಕ್‌ನ ಕೆಲಸವನ್ನು ಮೊದಲು ಮುಗಿಸಬೇಕು, ಅದೂ ಲಿನಕ್ಸ್ ಹಾಕುವುದಕ್ಕೆ ಮುಂಚೆಯೇ. ಧ್ವನಿ ಇಂದಲ್ಲದಿದ್ದರೆ ನಾಳೆ ಸರಿಹೋಗುತ್ತದೆ, ಆದರೆ ಡಿಸ್ಕ್ ಅಳಿಸಿದ ಮೇಲೆ ಅದರಲ್ಲಿದ್ದ ಬುಕ್‌ಮಾರ್ಕ್‌ಗಳು ತಿರುಗಿ ಬರುವ ಭರವಸೆಯಿಲ್ಲ. ಕ್ರೋಮ್ ಇರಲಿ, ಫೈರ್‌ಫಾಕ್ಸ್ ಇರಲಿ, ಕಂಟ್ರೋಲ್, ಶಿಫ್ಟ್ ಮತ್ತು ಓ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬುಕ್‌ಮಾರ್ಕ್ ನಿರ್ವಹಣೆಯ ಪುಟ ತೆರೆದುಕೊಳ್ಳುತ್ತದೆ. ಅಲ್ಲಿಂದ ಎಲ್ಲವನ್ನೂ ಒಂದೇ ಎಚ್‌ಟಿಎಂಎಲ್ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಕು. ಈ ಕಡತದ ವಿನ್ಯಾಸ 1990ರ ದಶಕದ ನೆಟ್‌ಸ್ಕೇಪ್ ಬ್ರೌಸರಿನಿಂದ ಬಂದದ್ದು, ಇಂದಿಗೂ ಎಲ್ಲ ಪ್ರಮುಖ ಬ್ರೌಸರುಗಳೂ ಅದನ್ನು ಓದುತ್ತವೆ. ಖಾತೆಗೆ ಲಾಗಿನ್ ಆಗಿದ್ದರೆ ಸಿಂಕ್ ಮೂಲಕ ಎಲ್ಲವೂ ತಾನಾಗಿ ಬರುತ್ತದೆಯಲ್ಲ ಎಂದು ಕೇಳುವವರಿದ್ದಾರೆ. ಬರುತ್ತದೆ ನಿಜ, ಆದರೆ ಸಿಂಕ್ ಎನ್ನುವುದು ಬ್ಯಾಕಪ್ ಅಲ್ಲ. ಒಂದು ಕಡೆ ತಪ್ಪಿ ಅಳಿಸಿದ್ದು ಎಲ್ಲ ಕಡೆಯಲ್ಲೂ ಅಳಿದುಹೋಗುತ್ತದೆ. ಕೈಯಲ್ಲೊಂದು ಕಡತ ಇರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲಿನಕ್ಸ್‌ನಲ್ಲಿ ಆ ಕಡತವನ್ನು ಇಂಪೋರ್ಟ್ ಮಾಡಿದ ಮೇಲೂ ಮೇಲಿನ ಪಟ್ಟಿ ಖಾಲಿಯಾಗಿ ಕಾಣಬಹುದು. ಫೈರ್‌ಫಾಕ್ಸ್ ಹಲವು ಸಲ ಅವುಗಳನ್ನು ಬುಕ್‌ಮಾರ್ಕ್ ಟೂಲ್‌ಬಾರ್‌ನ ಬದಲು ಬುಕ್‌ಮಾರ್ಕ್ ಮೆನುವಿನೊಳಗಿನ ಒಂದು ಫೋಲ್ಡರಿನಲ್ಲಿ ಇಟ್ಟಿರುತ್ತದೆ. ನಿರ್ವಹಣೆಯ ಪುಟದಲ್ಲಿ ಅದನ್ನು ಹುಡುಕಿ, ಬೇಕಾದವುಗಳನ್ನು ಟೂಲ್‌ಬಾರ್‌ಗೆ ಎಳೆದು ಹಾಕಿದರೆ ಸಾಕು. ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳಿಂದ ಆ ಪಟ್ಟಿಯನ್ನು ತೋರಿಸಬಹುದು, ಮರೆಮಾಡಬಹುದು.

ಹೆಚ್ಚು ಗೊಂದಲ ಹುಟ್ಟಿಸುವ ಸಂಗತಿ ಬೇರೆಯೇ ಇದೆ. ಡೊಂಬಿವಲಿಯ ಒಬ್ಬ ನಿವೃತ್ತ ಶಿಕ್ಷಕಿ, ಊರಿನ ಪತ್ರಿಕೆಗಳ ಪುಟಗಳನ್ನೆಲ್ಲ ಜೋಡಿಸಿ ಇಟ್ಟುಕೊಂಡಿದ್ದವರು, ಒಂದು ಬೆಳಿಗ್ಗೆ ಫೋನ್ ಮಾಡಿ, "ನಿನ್ನೆಯವರೆಗೆ ಎಲ್ಲ ಇತ್ತು ಮಾರಾಯರೇ, ಇವತ್ತು ಒಂದೂ ಇಲ್ಲ" ಎಂದರು. ಹೋಗಿ ನೋಡಿದರೆ ಅವರ ಯಂತ್ರದಲ್ಲಿ ಎರಡು ಫೈರ್‌ಫಾಕ್ಸ್‌ಗಳಿದ್ದವು. ಒಂದು ವ್ಯವಸ್ಥೆಯ ಜೊತೆಗೇ ಬಂದದ್ದು, ಇನ್ನೊಂದನ್ನು ಮೊಮ್ಮಗ ಸಾಫ್ಟ್‌ವೇರ್ ಅಂಗಡಿಯಿಂದ ಫ್ಲ್ಯಾಟ್‌ಪ್ಯಾಕ್ ಎಂಬ, ಉಳಿದವುಗಳಿಂದ ಬೇರ್ಪಟ್ಟು ನಡೆಯುವ ಪ್ಯಾಕೇಜಿನ ರೂಪದಲ್ಲಿ ಹಾಕಿದ್ದ. ಎರಡರ ಚಿಹ್ನೆಯೂ ಒಂದೇ, ಹೆಸರೂ ಒಂದೇ, ಆದರೆ ಬುಕ್‌ಮಾರ್ಕ್, ಸೆಟ್ಟಿಂಗ್‌ಗಳನ್ನು ಇಡುವ ಅವುಗಳ ಪ್ರೊಫೈಲ್ ಫೋಲ್ಡರುಗಳು ಬೇರೆ ಬೇರೆ. ಸಾಮಾನ್ಯ ಪ್ಯಾಕೇಜಾಗಿ ಬಂದ ಫೈರ್‌ಫಾಕ್ಸ್‌ನ ಪ್ರೊಫೈಲ್ ಬಹುಮಟ್ಟಿಗೆ ಹೋಮ್ ಫೋಲ್ಡರಿನ ಅಡಗಿದ ಮೊಜಿಲ್ಲಾ ಫೋಲ್ಡರಿನಲ್ಲಿ ಇರುತ್ತದೆ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲಿ ಸ್ನ್ಯಾಪ್ ಎಂಬ ಅಂಥದೇ ಪ್ಯಾಕೇಜಿನ ರೂಪದಲ್ಲಿ ಬರುವ ಫೈರ್‌ಫಾಕ್ಸ್ ತನ್ನದನ್ನು ಸ್ನ್ಯಾಪ್ ಫೋಲ್ಡರಿನ ಒಳಗಡೆ ಇಡುತ್ತದೆ. ಫ್ಲ್ಯಾಟ್‌ಪ್ಯಾಕ್‌ನದು ವಾರ್ ಎಂಬ ಅಡಗಿದ ಫೋಲ್ಡರಿನ ಆಳದಲ್ಲಿರುತ್ತದೆ. ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಅಡಗಿದ ಫೋಲ್ಡರುಗಳು ಕಾಣುತ್ತವೆ. ಯಾವ ಫೈರ್‌ಫಾಕ್ಸ್ ಯಾವ ಫೋಲ್ಡರನ್ನು ಬಳಸುತ್ತಿದೆ ಎಂಬುದು ವಿಳಾಸದ ಜಾಗದಲ್ಲಿ "ಅಬೌಟ್" ಎಂಬ ಇಂಗ್ಲಿಷ್ ಪದ, ಒಂದು ವಿವರಣಾ ಚಿಹ್ನೆ (:), ಬಳಿಕ "ಪ್ರೊಫೈಲ್ಸ್" ಎಂದು ಜಾಗ ಬಿಡದೆ ಟೈಪ್ ಮಾಡಿದಾಗ ಬರುವ ಪುಟದಲ್ಲಿ ಸ್ಪಷ್ಟವಾಗುತ್ತದೆ. ಆ ಶಿಕ್ಷಕಿಯವರ ಬುಕ್‌ಮಾರ್ಕ್‌ಗಳಲ್ಲಿ ಒಂದೂ ಕಳೆದಿರಲಿಲ್ಲ. ಹಳೆಯ ಫೈರ್‌ಫಾಕ್ಸ್‌ನಿಂದ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಎರಡನೆಯದನ್ನು ತೆಗೆದುಹಾಕಿದೆವು. ಒಂದು ಮನೆಯ ಯಂತ್ರದಲ್ಲಿ ಒಂದು ಬ್ರೌಸರಿನ ಒಂದೇ ಪ್ರತಿ ಇರಬೇಕು.

ನಿಜವಾಗಿಯೇ ಅಳಿಸಿಹೋಗಿದ್ದರೂ ಫೈರ್‌ಫಾಕ್ಸ್‌ನಲ್ಲಿ ಒಂದು ಆಸರೆಯಿದೆ. ಅದು ಬುಕ್‌ಮಾರ್ಕ್‌ಗಳ ಪ್ರತಿಗಳನ್ನು ದಿನಾಂಕದ ಸಹಿತ ತಾನಾಗಿಯೇ ಉಳಿಸುತ್ತಾ, ಸಾಮಾನ್ಯವಾಗಿ ಇತ್ತೀಚಿನ 15 ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ. ನಿರ್ವಹಣೆಯ ಪುಟದ ರಿಸ್ಟೋರ್ ಮೆನುವಿನಲ್ಲಿ ಅವು ಸಿಗುತ್ತವೆ. ಇಲ್ಲಿ ಎಚ್ಚರ ಬೇಕು: ರಿಸ್ಟೋರ್ ಮಾಡಿದಾಗ ಈಗಿರುವ ಬುಕ್‌ಮಾರ್ಕ್‌ಗಳ ಜಾಗದಲ್ಲಿ ಹಳೆಯವು ಬಂದು ಕೂರುತ್ತವೆ, ಎಚ್‌ಟಿಎಂಎಲ್ ಇಂಪೋರ್ಟ್ ಮಾಡಿದಾಗ ಇರುವುದರ ಜೊತೆಗೆ ಸೇರುತ್ತವೆ. ಮೊದಲನೆಯದನ್ನು ಮಾಡುವ ಮುಂಚೆ ಇಂದಿನ ಸ್ಥಿತಿಯನ್ನೂ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳುವುದು ಕ್ಷೇಮ.

ಹಳೆಯ ಬುಕ್‌ಮಾರ್ಕ್‌ಗಳನ್ನು ತರುವಾಗ ಬ್ಯಾಂಕಿನ ವಿಳಾಸಗಳನ್ನು ಮಾತ್ರ ಒಂದೊಂದಾಗಿ ಪರೀಕ್ಷಿಸಬೇಕು. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳುವ ವಿಳಾಸಗಳಿಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತ್ತು. ಹುಡುಕಾಟದ ಫಲಿತಾಂಶದಲ್ಲಿ ಬ್ಯಾಂಕಿನ ಹೆಸರು ನೋಡಿ ನಕಲಿ ಪುಟಕ್ಕೆ ಹೋಗಿ ಹಣ ಕಳೆದುಕೊಳ್ಳುವ ಅಪಾಯವನ್ನು ಸರಿಯಾದ ಒಂದು ಬುಕ್‌ಮಾರ್ಕ್ ತಡೆಯುತ್ತದೆ, ಅದಕ್ಕಾಗಿ ಹೊಸ ವಿಳಾಸದ ಮುಖಪುಟವನ್ನು ಒಮ್ಮೆ ಖಚಿತಪಡಿಸಿಕೊಂಡು ಹಳೆಯದರ ಜಾಗದಲ್ಲಿ ಇಡಬೇಕು. ಲಾಗಿನ್ ಆದ ನಂತರ ಕಾಣುವ ಪುಟವನ್ನು ಬುಕ್‌ಮಾರ್ಕ್ ಮಾಡಿ ಪ್ರಯೋಜನವಿಲ್ಲ, ಅದು ಮುಂದಿನ ಸಲ ತೆರೆಯುವುದಿಲ್ಲ. ವಿದ್ಯುತ್ ಬಿಲ್, ರೈಲ್ವೆ ಟಿಕೆಟ್ ಮುಂತಾದವಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಇನ್ನು ಧ್ವನಿಯ ವಿಷಯ. ಮುಂಬಯಿಯ ಚಿಕ್ಕ ಮನೆಗಳಲ್ಲಿ ಒಬ್ಬರು ಆನ್‌ಲೈನ್ ತರಗತಿಯಲ್ಲಿದ್ದಾಗ ಇನ್ನೊಬ್ಬರು ಟಿವಿ ನೋಡುತ್ತಿರುತ್ತಾರೆ, ಮತ್ತೊಬ್ಬರು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿರುತ್ತಾರೆ. ಇಂತಲ್ಲಿ ಹೆಡ್‌ಫೋನ್ ಕೆಲಸ ಮಾಡದಿದ್ದರೆ ಕಂಪ್ಯೂಟರೇ ನಿಂತಂತೆ. ಲಿನಕ್ಸ್‌ನಲ್ಲಿ ಧ್ವನಿಗೆ ಎರಡು ಪದರಗಳಿವೆ ಎಂಬುದನ್ನು ಅರಿತರೆ ಹುಡುಕಾಟ ಸುಲಭವಾಗುತ್ತದೆ. ಕೆಳಗೆ, ವ್ಯವಸ್ಥೆಯ ತಿರುಳಾದ ಕರ್ನೆಲ್‌ನೊಳಗೆ, ಸೌಂಡ್ ಕಾರ್ಡಿನೊಂದಿಗೆ ನೇರವಾಗಿ ವ್ಯವಹರಿಸುವ ಆಲ್ಸಾ ಇದೆ. ಅದರ ಮೇಲೆ, ಬ್ರೌಸರ್, ವಿಡಿಯೋ ಪ್ಲೇಯರ್ ಮೊದಲಾದವುಗಳ ಧ್ವನಿಯನ್ನು ಕೂಡಿಸಿ ಯಾವ ಸಾಧನಕ್ಕೆ ಕಳುಹಿಸಬೇಕೆಂದು ನಿರ್ಧರಿಸುವ ಸೌಂಡ್ ಸರ್ವರ್ ಇದೆ. ಬಹುಕಾಲ ಪಲ್ಸ್‌ಆಡಿಯೋ ಈ ಕೆಲಸ ಮಾಡುತ್ತಿತ್ತು. ಲಿನಕ್ಸ್‌ನ ಬಗೆಗಳಲ್ಲಿ ಫೆಡೋರಾ 2021ರಲ್ಲಿ, ಉಬುಂಟು 2022ರ ಅಕ್ಟೋಬರಿನ ಆವೃತ್ತಿಯಲ್ಲಿ, ಲಿನಕ್ಸ್ ಮಿಂಟ್ 2024ರಲ್ಲಿ ಬಂದ 22ನೇ ಆವೃತ್ತಿಯಲ್ಲಿ ಪೈಪ್‌ವೈರ್ ಎಂಬ ಹೊಸ ಸೌಂಡ್ ಸರ್ವರಿಗೆ ಬದಲಾದವು. ಹಳೆಯ ಸಲಹೆಗಳನ್ನು ಓದಿ ಪಲ್ಸ್‌ಆಡಿಯೋವನ್ನು ಮತ್ತೆ ಹಾಕಲು ಹೊರಟರೆ ಇದ್ದದ್ದೂ ಕೆಡುತ್ತದೆ.

ಮೊದಲು ಸೌಂಡ್ ಸೆಟ್ಟಿಂಗ್ಸ್ ತೆರೆದು ಔಟ್‌ಪುಟ್ ಯಾವುದಕ್ಕೆ ಹೊಂದಿಸಲಾಗಿದೆ ಎಂದು ನೋಡಬೇಕು. ಎಚ್‌ಡಿಎಂಐ ಕೇಬಲ್ ಇರುವ ಯಂತ್ರಗಳಲ್ಲಿ ಇದೇ ಮುಖ್ಯ ಕಾರಣ. ಆ ಕೇಬಲ್ ಚಿತ್ರದ ಜೊತೆ ಧ್ವನಿಯನ್ನೂ ಒಯ್ಯಬಲ್ಲದು, ಹಾಗಾಗಿ ಸ್ಪೀಕರೇ ಇಲ್ಲದ ಮಾನಿಟರನ್ನೂ ವ್ಯವಸ್ಥೆಯು ಧ್ವನಿಯ ಸಾಧನವೆಂದು ತಿಳಿದು ಎಲ್ಲವನ್ನೂ ಅಲ್ಲಿಗೆ ಕಳುಹಿಸುತ್ತಿರುತ್ತದೆ. ಹೆಡ್‌ಫೋನ್ ಆರಿಸಿ ಟೆಸ್ಟ್ ಬಟನ್ ಒತ್ತಿ, ಎಡ ಬಲ ಎರಡೂ ಕಿವಿಯಲ್ಲಿ ಕೇಳಿಸುತ್ತದೆಯೇ ಎಂದು ಪರೀಕ್ಷಿಸಬೇಕು. ಮರುದಿನ ಮತ್ತೆ ಮಾನಿಟರಿಗೇ ಹೋಗುತ್ತಿದ್ದರೆ, ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್ ಎಂಬ ಚಿಕ್ಕ ತಂತ್ರಾಂಶವನ್ನು ಹಾಕಿ, ಅದರ ಕಾನ್ಫಿಗರೇಶನ್ ವಿಭಾಗದಲ್ಲಿ ಎಚ್‌ಡಿಎಂಐ ಸಾಧನದ ಪ್ರೊಫೈಲನ್ನು ಆಫ್ ಮಾಡಿಬಿಡುವುದು ಗಟ್ಟಿಯಾದ ಪರಿಹಾರ. ಹೆಸರಿನಲ್ಲಿ ಪಲ್ಸ್‌ಆಡಿಯೋ ಎಂದಿದ್ದರೂ ಇದು ಪೈಪ್‌ವೈರ್ ಜೊತೆಗೂ ಸರಿಯಾಗಿ ನಡೆಯುತ್ತದೆ. ಇದೇ ತಂತ್ರಾಂಶದ ಪ್ಲೇಬ್ಯಾಕ್ ವಿಭಾಗದಲ್ಲಿ ಪ್ರತಿ ತಂತ್ರಾಂಶದ ಧ್ವನಿ ಎತ್ತ ಹೋಗುತ್ತಿದೆ ಎಂಬುದೂ ತಿಳಿಯುತ್ತದೆ. ಬ್ರೌಸರ್ ಮಾತ್ರ ಮೌನವಾಗಿದ್ದು ಉಳಿದವು ಕೇಳಿಸುತ್ತಿದ್ದರೆ ಅಲ್ಲೇ ನೋಡಬೇಕು, ಆದರೆ ಬ್ರೌಸರಿನಲ್ಲಿ ಏನಾದರೂ ನುಡಿಯುತ್ತಿರುವಾಗಷ್ಟೇ ಅದರ ಸಾಲು ಅಲ್ಲಿ ಕಾಣುತ್ತದೆ.

ಔಟ್‌ಪುಟ್ ಸರಿಯಿದ್ದೂ ಕೇಳಿಸದಿದ್ದರೆ ಕೆಳಗಿನ ಪದರಕ್ಕೆ ಇಳಿಯಬೇಕು. ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ನಿಜವಾದ ಸೌಂಡ್ ಕಾರ್ಡನ್ನು ಆರಿಸಿಕೊಂಡಾಗ ಮಾಸ್ಟರ್, ಹೆಡ್‌ಫೋನ್, ಸ್ಪೀಕರ್ ಎಂಬ ಬೇರೆ ಬೇರೆ ಕಂಬಗಳು ಕಾಣುತ್ತವೆ. ಹೆಡ್‌ಫೋನ್ ಕಂಬದ ಅಡಿಯಲ್ಲಿ ಎರಡು ಎಂ ಅಕ್ಷರಗಳಿದ್ದರೆ ಅದು ಮ್ಯೂಟ್ ಆಗಿದೆ ಎಂದರ್ಥ. ಎಂ ಕೀಲಿ ಒತ್ತಿದರೆ ತೆರೆದುಕೊಳ್ಳುತ್ತದೆ. ಹೆಡ್‌ಫೋನ್ ಸಿಕ್ಕಿಸಿದರೂ ಸ್ಪೀಕರ್ ನಿಲ್ಲದಿದ್ದರೆ, ಆ ಕಾರ್ಡಿನಲ್ಲಿ ಆಟೋ ಮ್ಯೂಟ್ ಎಂಬ ಆಯ್ಕೆ ಇದ್ದಲ್ಲಿ ಅದನ್ನು ಇಲ್ಲಿಯೇ ಎನೇಬಲ್ ಮಾಡಬಹುದು.

ಮುಂಬಯಿಯ ಕಂಪ್ಯೂಟರ್ ಮಾರುಕಟ್ಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಜೋಡಿಸಿ ತಂದ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇನ್ನೊಂದನ್ನು ಗಮನಿಸಬೇಕು. ಕ್ಯಾಬಿನೆಟ್‌ನ ಮುಂಭಾಗದ ಹೆಡ್‌ಫೋನ್ ರಂಧ್ರದಿಂದ ಒಳಗೆ ಹೋಗುವ ತಂತಿಗೆ ಕೆಲವು ಹಳೆಯ ಕ್ಯಾಬಿನೆಟ್‌ಗಳಲ್ಲಿ ಎರಡು ಕನೆಕ್ಟರುಗಳಿರುತ್ತವೆ: ಒಂದು ಎಚ್‌ಡಿ ಆಡಿಯೋ, ಇನ್ನೊಂದು ಅದಕ್ಕಿಂತ ಹಿಂದಿನ ಎಸಿ 97. ಎರಡನೆಯದನ್ನು ಮದರ್‌ಬೋರ್ಡಿಗೆ ಸಿಕ್ಕಿಸಿದ್ದರೆ ಹೆಡ್‌ಫೋನ್ ಬಂದಿದೆ ಎಂಬ ಸೂಚನೆಯೇ ವ್ಯವಸ್ಥೆಗೆ ತಲುಪುವುದಿಲ್ಲ, ಸಾಮಾನ್ಯ ಸೌಂಡ್ ಸೆಟ್ಟಿಂಗ್‌ಗಳನ್ನು ಬದಲಿಸಿದರೆ ಹೆಚ್ಚಿನ ಸಲ ಫಲ ಸಿಗುವುದಿಲ್ಲ. ಹಿಂಭಾಗದ ಹಸಿರು ರಂಧ್ರದಲ್ಲಿ ಧ್ವನಿ ಬಂದು ಮುಂಭಾಗದಲ್ಲಿ ಮಾತ್ರ ಬಾರದಿದ್ದರೆ, ಯಂತ್ರವನ್ನು ಆಫ್ ಮಾಡಿ ಪ್ಲಗ್ ತೆಗೆದು ಕ್ಯಾಬಿನೆಟ್ ಬಿಚ್ಚಿ ನೋಡುವುದೇ ಸರಿ. ಮೊಬೈಲಿನ ಹೆಡ್‌ಸೆಟ್‌ನ ಪಿನ್ನಿನಲ್ಲಿ ಮೂರು ಉಂಗುರಗಳಿರುತ್ತವೆ. ಅದನ್ನು ಹಸಿರು ರಂಧ್ರಕ್ಕೆ ಸಿಕ್ಕಿಸಿದರೆ ಕೇಳಿಸಬಹುದು, ಆದರೆ ಮೈಕ್ ಕೆಲಸ ಮಾಡಲು ಎರಡು ಬಾಲಗಳ ಸ್ಪ್ಲಿಟರ್ ಬೇಕು.

ಬ್ಲೂಟೂತ್ ಹೆಡ್‌ಫೋನ್ ಇರುವವರು ತರಗತಿ ಆರಂಭವಾದ ಕೂಡಲೇ ಧ್ವನಿ ಹಳೆಯ ಟೆಲಿಫೋನಿನಂತಾಯಿತು ಎನ್ನುತ್ತಾರೆ. ಹೆಡ್‌ಫೋನ್ ಅಥವಾ ಯಂತ್ರ ಕೆಟ್ಟಿರುವುದಿಲ್ಲ. ಸಂಗೀತಕ್ಕೆ ಬಳಸುವ ಎ2ಡಿಪಿ ಎಂಬ ಬ್ಲೂಟೂತ್ ವಿಧಾನ (ಪ್ರೊಫೈಲ್) ಧ್ವನಿಯನ್ನು ಒಂದೇ ದಿಕ್ಕಿಗೆ ಒಯ್ಯುತ್ತದೆ. ಮೈಕ್ ಬೇಕಾದೊಡನೆ ವ್ಯವಸ್ಥೆಯು ಮಾತಿಗೆಂದೇ ರೂಪಿಸಿದ ಹೆಡ್‌ಸೆಟ್ ಪ್ರೊಫೈಲಿಗೆ ಬದಲಾಗುತ್ತದೆ, ಅದರ ಗುಣಮಟ್ಟ ಕಡಿಮೆ. ಇನ್‌ಪುಟ್ ಆಗಿ ಲ್ಯಾಪ್‌ಟಾಪಿನ ಒಳಗಿನ ಮೈಕನ್ನೋ ವೆಬ್‌ಕ್ಯಾಮ್‌ನ ಮೈಕನ್ನೋ ಆರಿಸಿ, ಹೆಡ್‌ಫೋನನ್ನು ಎ2ಡಿಪಿಯಲ್ಲೇ ಉಳಿಸಿದರೆ ಕೇಳುವ ಧ್ವನಿ ಸ್ವಚ್ಛವಾಗಿಯೇ ಇರುತ್ತದೆ. ಮಕ್ಕಳ ನಿತ್ಯದ ತರಗತಿಗಳಿಗೆ ನಾನು ತಂತಿಯ ಹೆಡ್‌ಸೆಟ್ಟನ್ನೇ ಶಿಫಾರಸು ಮಾಡುತ್ತೇನೆ. ಲಿನಕ್ಸ್‌ನಲ್ಲಿ ವಾಲ್ಯೂಮನ್ನು ಶೇಕಡಾ 100ಕ್ಕಿಂತ ಮೇಲಕ್ಕೂ ಏರಿಸಲು ಅವಕಾಶವಿರುವುದರಿಂದ, ಮಕ್ಕಳು ಬಳಸುವಲ್ಲಿ ಆ ಆಯ್ಕೆಯನ್ನು ತೆಗೆದಿಡಬೇಕು. ವಾರಕ್ಕೆ 40 ಗಂಟೆ ಕೇಳುವ ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್, ಮಕ್ಕಳಿಗೆ 75.

ಮನೆಮಂದಿಗೆಲ್ಲ ಒಂದೇ ಯಂತ್ರವಿದ್ದರೆ ಒಬ್ಬೊಬ್ಬರಿಗೂ ಬೇರೆ ಬಳಕೆದಾರ ಖಾತೆ ತೆರೆದುಕೊಡುವುದು ಒಳ್ಳೆಯದು. ಆಗ ಅಜ್ಜಿಯ ಪತ್ರಿಕೆಗಳೂ ಮೊಮ್ಮಗನ ತರಗತಿಯ ಕೊಂಡಿಗಳೂ ಬೆರೆಯುವುದಿಲ್ಲ, ಏಕೆಂದರೆ ಬ್ರೌಸರಿನ ಪ್ರೊಫೈಲ್ ಆಯಾ ಹೋಮ್ ಫೋಲ್ಡರಿನಲ್ಲೇ ಇರುತ್ತದೆ. ಪೈಪ್‌ವೈರ್ ಕೂಡ ಪ್ರತಿ ಬಳಕೆದಾರರಿಗೂ ಪ್ರತ್ಯೇಕವಾಗಿ ನಡೆಯುತ್ತದೆ, ಹಾಗಾಗಿ ಒಬ್ಬರ ಖಾತೆಯಲ್ಲಿ ಹೆಡ್‌ಫೋನ್ ಎಂದು ಆರಿಸಿದ ಔಟ್‌ಪುಟ್ ಇನ್ನೊಬ್ಬರ ಖಾತೆಗೆ ಅನ್ವಯವಾಗುವುದಿಲ್ಲ. ಖಾತೆಗಳನ್ನು ತೆರೆದ ದಿನವೇ ಪ್ರತಿಯೊಂದಕ್ಕೂ ಲಾಗಿನ್ ಆಗಿ ಔಟ್‌ಪುಟ್ ಆರಿಸಿ, ಟೆಸ್ಟ್ ಬಟನ್ ಒತ್ತಿ ಕೇಳಿ, ಬುಕ್‌ಮಾರ್ಕ್‌ಗಳನ್ನು ಇಂಪೋರ್ಟ್ ಮಾಡಿ ಮುಗಿಸಬೇಕು.