ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತಾ?

ಪ್ರಶ್ನೆ: ನಮ್ಮ ತಂದೆಯವರು ಆಗುಂಬೆ ಘಾಟಿ ಇಳಿಯುವಾಗ ಕಾರನ್ನು ನ್ಯೂಟ್ರಲ್‌ಗೆ ಹಾಕುತ್ತಾರೆ. 'ಇಂಜಿನ್‌ಗೆ ಕೆಲಸವೇ ಇಲ್ಲ, ಪೆಟ್ರೋಲ್ ಉಳೀತು ನೋಡು' ಅಂತಾರೆ. ಬೇಡ ಅಂದರೆ 'ನಲವತ್ತು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ' ಅನ್ನುತ್ತಾರೆ. ಯಾರು ಸರಿ?
(ತೀರ್ಥಹಳ್ಳಿಯ ಒಬ್ಬ ಓದುಗರು)

ಉತ್ತರ: ನೀವೇ ಸರಿ. ಆದರೆ ಇದೇ ಜಗಳ ನಲವತ್ತು ವರ್ಷದ ಹಿಂದೆ ಆಗಿದ್ದರೆ ನಿಮ್ಮ ತಂದೆಯವರೇ ಗೆಲ್ಲುತ್ತಿದ್ದರು. ಅವರ ಅಭ್ಯಾಸದಲ್ಲಿ ತಪ್ಪಿರಲಿಲ್ಲ. ಕೆಳಗಿದ್ದ ಗಾಡಿ ಬದಲಾಯಿತು, ಕೈ ಬದಲಾಗಲಿಲ್ಲ.

ಆಗಿನ ಗಾಡಿಗಳಲ್ಲಿ ಕಾರ್ಬುರೇಟರ್ ಇತ್ತು. ಇಂಜಿನ್ ಗಾಳಿ ಎಳೆದುಕೊಳ್ಳುವ ರಭಸಕ್ಕೆ ಪೆಟ್ರೋಲ್ ಕೂಡ ಜೊತೆಗೆ ಹೋಗುತ್ತಿತ್ತು. ನೀವು ಆಕ್ಸಿಲರೇಟರ್ ಬಿಟ್ಟಿದ್ದೀರೋ ಇಲ್ಲವೋ ಅದಕ್ಕೆ ಪೂರ್ತಿ ಗೊತ್ತಾಗುತ್ತಿರಲಿಲ್ಲ. ಇಳಿಜಾರಿನಲ್ಲಿ ಗೇರ್‌ನಲ್ಲೇ ಬಿಟ್ಟರೆ ಚಕ್ರ ಇಂಜಿನ್ನನ್ನು ಜೋರಾಗಿ ತಿರುಗಿಸುತ್ತದೆ. ಜೋರಾಗಿ ತಿರುಗಿದಷ್ಟೂ ಪೆಟ್ರೋಲ್ ಎಳೆಯುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ನಿಧಾನವಾಗಿ ಗುಡುಗುಡು ಅನ್ನುತ್ತಾ ಇರುತ್ತದೆ, ಖರ್ಚು ಕಡಿಮೆ. ಲೆಕ್ಕ ಸರಿಯಾಗಿಯೇ ಇತ್ತು.

ಟೂ-ಸ್ಟ್ರೋಕ್ ಸ್ಕೂಟರ್ ಓಡಿಸಿದವರಿಗೆ ಇನ್ನೊಂದು ಕಾರಣವೂ ಇತ್ತು. ಅದರಲ್ಲಿ ಆಯಿಲ್ ಬೆರೆಸುತ್ತಿದ್ದುದು ಪೆಟ್ರೋಲ್ ಜೊತೆಗೇ. ಉದ್ದನೆಯ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರ್‌ನಲ್ಲೇ ಬಂದರೆ ಇಂಜಿನ್ ರಭಸವಾಗಿ ತಿರುಗುತ್ತದೆ, ಆಯಿಲ್ ಮಾತ್ರ ಸಾಕಷ್ಟು ಸಿಗುವುದಿಲ್ಲ. ಪಿಸ್ಟನ್ ಜಾಮ್ ಆಗಿ ಗಾಡಿ ನಿಂತೇಬಿಡಬಹುದು. ಹಾಗಾಗಿ ಆಗಾಗ ಕ್ಲಚ್ ಹಿಡಿಯುವವರು, ಮಧ್ಯೆ ಮಧ್ಯೆ ಸುಮ್ನೆ ಒಂದು ಸಲ ಆಕ್ಸಿಲರೇಟರ್ ತಿರುವುವವರು ಇದ್ದರು. ಸ್ವೀಡನ್ನಿನ ಸಾಬ್ ಕಂಪನಿ ಇದೇ ತೊಂದರೆಗೆ ತನ್ನ ಟೂ-ಸ್ಟ್ರೋಕ್ ಕಾರುಗಳಲ್ಲಿ ಸೈಕಲ್ಲಿಗಿರುವಂಥ ಫ್ರೀವೀಲ್ ಇಟ್ಟಿತ್ತು.

ಈಗಿನ ಕಾರಿನಲ್ಲಿ ಇಂಜಿನ್ ತಾನೇ ಪೆಟ್ರೋಲ್ ಎಳೆದುಕೊಳ್ಳುವ ಹಾಗಿಲ್ಲ. ಕಂಪ್ಯೂಟರ್ ಅಳೆದು, ಇಂಜೆಕ್ಟರ್ ಮೂಲಕ ಚಿಮುಕಿಸುತ್ತದೆ. ಗಾಡಿ ಗೇರ್‌ನಲ್ಲಿದ್ದು, ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಇಂಜಿನ್ ಸ್ವಲ್ಪ ವೇಗದಲ್ಲೇ ತಿರುಗುತ್ತಿದ್ದರೆ ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ಕಡಿಮೆ ಮಾಡುವುದಿಲ್ಲ, ನಿಲ್ಲಿಸುತ್ತದೆ. ಇಂಜಿನ್ನನ್ನು ತಿರುಗಿಸುವ ಕೆಲಸ ಚಕ್ರಗಳೇ ಮಾಡುತ್ತಿರುತ್ತವೆ. ವೇಗ ತೀರಾ ಇಳಿದಾಗ, ಇಂಜಿನ್ ಆಫ್ ಆಗದಿರಲಿ ಅಂತ ಮತ್ತೆ ಪೆಟ್ರೋಲ್ ಬಿಡುತ್ತದೆ. ಅದೇ ನ್ಯೂಟ್ರಲ್‌ಗೆ ಹಾಕಿದರೆ ಚಕ್ರಕ್ಕೂ ಇಂಜಿನ್‌ಗೂ ಸಂಬಂಧ ಕಡಿಯಿತು. ಈಗ ಇಂಜಿನ್ ಉಸಿರಾಡಬೇಕಾದರೆ ಪೆಟ್ರೋಲ್ ಸುಡಲೇಬೇಕು.

ಎಷ್ಟು ಸುಡುತ್ತದೆ? ಸಣ್ಣ ಪೆಟ್ರೋಲ್ ಕಾರು ನಿಂತಲ್ಲೇ ಆನ್ ಇದ್ದರೆ ಗಂಟೆಗೆ ಸುಮಾರು 600 ಮಿಲಿಲೀಟರ್ ಅಂದುಕೊಳ್ಳಿ. ಅರ್ಧ ಗಂಟೆ ಘಾಟಿ ಇಳಿದರೆ 300 ಮಿಲಿ. ನಿಮ್ಮ ತಂದೆಯವರು ಉಳಿಸುತ್ತಿದ್ದೇನೆ ಅಂದುಕೊಂಡು ಒಂದು ದೊಡ್ಡ ಲೋಟದಷ್ಟು ಪೆಟ್ರೋಲ್ ದಾರಿಗೆ ಚೆಲ್ಲುತ್ತಿದ್ದಾರೆ. ಗೇರ್‌ನಲ್ಲಿ ಇಳಿದಿದ್ದರೆ ಬಹುಪಾಲು ದೂರಕ್ಕೆ ಖರ್ಚು ಸೊನ್ನೆ.

ಹಣ ಹಾಗಿರಲಿ. ಘಾಟಿಯಲ್ಲಿ ನ್ಯೂಟ್ರಲ್ ಹಾಕುವುದು ಅಪಾಯ. ಆಗುಂಬೆಯಲ್ಲಿ ಹೇರ್‌ಪಿನ್ನಿನಂಥ ತಿರುವುಗಳೇ 14. ಇಂಜಿನ್ನಿನ ಹಿಡಿತ ಇಲ್ಲದೆ ಇಳಿದರೆ ಗಾಡಿಯ ಅಷ್ಟೂ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಒತ್ತಿದರೂ ಮೊದಲಿನ ಹಾಗೆ ಹಿಡಿಯುವುದಿಲ್ಲ. 'ಹತ್ತಿದ ಗೇರಲ್ಲೇ ಇಳಿ' ಅಂತ ಹಳೇ ಲಾರಿ ಡ್ರೈವರುಗಳು ಹೇಳುತ್ತಿದ್ದುದು ಇದಕ್ಕೇ. ಅಂದ ಹಾಗೆ ಡೀಸೆಲ್ ಗಾಡಿಯವರಿಗೆ ಆ ಕಾಲದಲ್ಲೂ ನ್ಯೂಟ್ರಲ್‌ನಿಂದ ಲಾಭ ಇರಲಿಲ್ಲ. ಇಂಜಿನ್ನಿಗೆ ಡೀಸೆಲ್ ಕಳಿಸುವ ಪಂಪಿನಲ್ಲಿ ಗವರ್ನರ್ ಅಂತ ವೇಗ ನೋಡಿಕೊಳ್ಳುವ ಭಾಗ ಇರುತ್ತಿತ್ತು, ಅದು ಇಳಿಜಾರಿನಲ್ಲಿ ಡೀಸೆಲ್ ತಾನೇ ನಿಲ್ಲಿಸುತ್ತಿತ್ತು.

ಇದಕ್ಕಿಂತ ಕೆಟ್ಟದ್ದು ಇಂಜಿನ್ನನ್ನೇ ಆಫ್ ಮಾಡಿ ಇಳಿಯುವುದು. ಕಾರಿನ ಬ್ರೇಕ್ ಹಗುರ ಅನ್ನಿಸುವುದು ಇಂಜಿನ್ ಓಡುತ್ತಿರುವುದರಿಂದ. ಆಫ್ ಮಾಡಿದ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಸ್ಟೀರಿಂಗ್ ಕೂಡ ಭಾರ. ಸ್ಕೂಟರಿನಲ್ಲಿ ಕೀ ತಿರುಗಿಸಿ ಜಾರಿಕೊಂಡು ಬರುವವರ ಬ್ರೇಕ್ ಲೈಟ್ ಉರಿಯುವುದಿಲ್ಲ, ಹಿಂದೆ ಬರುವವರಿಗೆ ಇವರು ನಿಲ್ಲುತ್ತಿದ್ದಾರೆ ಅಂತ ಗೊತ್ತೇ ಆಗುವುದಿಲ್ಲ.

ನ್ಯೂಟ್ರಲ್‌ನಿಂದ ಲಾಭವೇ ಇಲ್ಲ ಅಂದರೂ ಪೂರ್ತಿ ಸತ್ಯವಾಗುವುದಿಲ್ಲ. ಗೇರ್‌ನಲ್ಲಿದ್ದಾಗ ಇಂಜಿನ್ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ತೀರಾ ಸಣ್ಣ ಇಳಿಜಾರಿನಲ್ಲಿ ಹಾಗೆ ಎಳೆದು ವೇಗ ಕಮ್ಮಿಯಾಗಿ ನೀವು ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗಿ ಬಂದರೆ, ಅಲ್ಲಿ ನ್ಯೂಟ್ರಲ್‌ನಲ್ಲಿ ಜಾರಿಬಿಟ್ಟವನಿಗೆ ನಾಲ್ಕು ಹನಿ ಉಳಿಯಬಹುದು. ಆ ನಾಲ್ಕು ಹನಿಗಾಗಿ ಬದುಕುವವರೂ ಇದ್ದಾರೆ.

ನಮ್ಮ ದೊಡ್ಡಪ್ಪ ಅಂಥವರಲ್ಲೊಬ್ಬರು. ಸ್ಕೂಟರಿನ ಮುಂದಿನ ಡಬ್ಬಿಯಲ್ಲಿ ಒಂದು ಪಾಕೆಟ್ ಡೈರಿ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ಸಿಲ್ಲು. ಪೆಟ್ರೋಲ್ ಹಾಕಿಸಿದ ತಾರೀಖು, ಕಿಲೋಮೀಟರ್, ಲೀಟರ್, ದುಡ್ಡು, ನಾಲ್ಕೂ ಬರೆಯದೆ ಗಾಡಿ ಕದಲುತ್ತಿರಲಿಲ್ಲ. ಹಿಂದೆ ಕೂತ ನನಗೆ 'ಬಗ್ಗಿ ಕೂತ್ಕೊಳೋ, ಗಾಳಿ ಹಿಡಿಯುತ್ತೆ' ಅನ್ನೋರು. ಇನ್ನು ಅವರ ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ನಲ್ಲಿ. ಮನೆ ಎರಡು ಫರ್ಲಾಂಗ್ ಇದೆ ಅನ್ನುವಾಗ, ದೇವಸ್ಥಾನದ ಕಮಾನು ದಾಟಿದ ಕೂಡಲೇ, ಬಗ್ಗಿ ಕಾಕ್ ಮುಚ್ಚುತ್ತಿದ್ದರು. ಕಾರ್ಬುರೇಟರ್ ಬಟ್ಟಲಲ್ಲಿ ಉಳಿದ ಪೆಟ್ರೋಲಿನಲ್ಲೇ ಗಾಡಿ ಬಂದು, ಸರಿಯಾಗಿ ಗೇಟಿನ ಮುಂದೆ ಪುಕ್ ಪುಕ್ ಅಂತ ನಿಲ್ಲಬೇಕು. ಬಹಳ ಸಲ ನಿಂತಿದೆ. ಒಂದು ಸಂಜೆ ದಾರಿಗೆ ಎಮ್ಮೆ ಹಿಂಡು ಅಡ್ಡ ಬಂತು. ಅವು ದಾಟುವಷ್ಟರಲ್ಲಿ ಬಟ್ಟಲು ಖಾಲಿ. ದೊಡ್ಡಪ್ಪ ಕಾಕ್ ತೆರೆಯಲಿಲ್ಲ. ನಾವಿಬ್ಬರೂ ಮನೆವರೆಗೆ ತಳ್ಳಿಕೊಂಡು ಬಂದೆವು.

ನಿಲ್ಲಿಸಿದ ಗಾಡಿಯಲ್ಲಿ ಪೆಟ್ರೋಲ್ ಸೋರದಿರಲು ಕಾಕ್ ಮುಚ್ಚುವುದು ಒಳ್ಳೆಯದೇ. ಆದರೆ ಎರಡು ಫರ್ಲಾಂಗ್ ಮುಂಚೆ ಮುಚ್ಚಿ ಏನು ಉಳಿಯಿತು? ಬಟ್ಟಲು ನಾಳೆ ಮತ್ತೆ ತುಂಬಲೇಬೇಕಲ್ವಾ? ಇದನ್ನು ಅವರಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಮೆರಿಕದಲ್ಲಿ ದೊಡ್ಡಪ್ಪನ ಈ ಜಾತಿಗೆ ಒಂದು ಹೆಸರೇ ಇದೆ: ಹೈಪರ್‌ಮೈಲರ್‌ಗಳು. ಆ ಹೆಸರು ಕೊಟ್ಟವರು ಅವರಲ್ಲೇ ಒಬ್ಬರಾದ ವೇಯ್ನ್ ಗರ್ಡೀಸ್. 2008ರಲ್ಲಿ ಅಲ್ಲಿ ಪೆಟ್ರೋಲ್ ಗ್ಯಾಲನ್ನಿಗೆ 4 ಡಾಲರ್ ದಾಟಿದಾಗ ಇವರ ಮಾತು ಎಲ್ಲೆಡೆ ಹಬ್ಬಿತು. ಆಕ್ಸ್‌ಫರ್ಡ್‌ನ ಅಮೆರಿಕನ್ ನಿಘಂಟು ಆ ವರ್ಷದ ಪದವಾಗಿ ಆರಿಸಿದ್ದೂ 'ಹೈಪರ್‌ಮೈಲಿಂಗ್' ಅನ್ನೇ. ಇವರು ಪಾರ್ಕಿಂಗ್ ಜಾಗದಲ್ಲಿ ಎಲ್ಲಕ್ಕಿಂತ ಎತ್ತರದ ಮೂಲೆ ಹುಡುಕಿ, ಮೂತಿ ಹೊರಗೆ ಮಾಡಿ ನಿಲ್ಲಿಸುತ್ತಾರೆ. ಹೊರಡುವಾಗ ತಣ್ಣಗಿರುವ ಇಂಜಿನ್ನಿನಲ್ಲಿ ರಿವರ್ಸ್ ತೆಗೆಯುವ ಖರ್ಚು ತಪ್ಪುತ್ತದೆ, ಇಳಿಜಾರು ಸ್ವಲ್ಪ ನೂಕುತ್ತದೆ. ಮಳೆಯಲ್ಲಿ ಚಕ್ರದ ಜಾಡಿನಲ್ಲಿ ನೀರು ನಿಲ್ಲುತ್ತದಲ್ಲ, ಅದನ್ನು ಸೀಳಿಕೊಂಡು ಹೋಗಲು ಪೆಟ್ರೋಲ್ ಜಾಸ್ತಿ ಅಂತ ಜಾಡು ಬಿಟ್ಟು ಅಂಚಿನಲ್ಲಿ ಓಡಿಸುತ್ತಾರೆ. ಸ್ವಲ್ಪ ವೇಗ ಹೆಚ್ಚಿಸುವುದು, ಆಮೇಲೆ ಜಾರಿಬಿಡುವುದು, ಮತ್ತೆ ಹೆಚ್ಚಿಸುವುದು, ಹೀಗೆ ಉಯ್ಯಾಲೆಯ ಥರ ಹೋಗುವವರಿದ್ದಾರೆ. ಹಿಂದೆ ಬರುವವರ ಶಾಪ ಎಷ್ಟು ತಟ್ಟುತ್ತದೋ ಅದರ ಲೆಕ್ಕ ಡೈರಿಯಲ್ಲಿ ಇರುವುದಿಲ್ಲ.

ಅವರಲ್ಲಿ ಕೆಲವರ ಒಂದು ಚಾಳಿ ನಮ್ಮಲ್ಲೂ ಇದೆ, ಅದನ್ನು ಮಾತ್ರ ಕಲಿಯಬೇಡಿ. ದೊಡ್ಡ ಲಾರಿಯ ಬೆನ್ನಿಗೆ ಅಂಟಿಕೊಂಡು, ಅದು ಸೀಳಿದ ಗಾಳಿಯ ಮರೆಯಲ್ಲಿ ಹೋಗುವುದು. ಪೆಟ್ರೋಲ್ ಉಳಿಯುವುದು ನಿಜ. ಆದರೆ 80ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಲಾರಿ ಬ್ರೇಕ್ ಹಾಕಿದ್ದು ನಿಮ್ಮ ತಲೆಗೆ ಹೋಗಿ ಕಾಲಿಗೆ ಇಳಿಯುವಷ್ಟರಲ್ಲಿ ಆ 22 ಮೀಟರ್ ಮುಗಿದಿರುತ್ತದೆ. ಮಂಡ್ಯದ ಕಡೆ ಕಬ್ಬಿನ ಲಾರಿ ಹಿಂದೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟೈರಿಗೆ ಗಾಳಿ ತುಂಬುವುದರಲ್ಲೂ ಅತಿ ಮಾಡುವವರಿದ್ದಾರೆ. ಕಂಪನಿ 33 ಪಾಯಿಂಟ್ (ಪಿಎಸ್‌ಐ) ಹೇಳಿದ್ದರೆ ಇವರು 45 ಹೊಡೆಸುತ್ತಾರೆ. ಟೈರು ಚೆಂಡಿನಂತೆ ಉಬ್ಬಿ ನಡುಭಾಗ ಮಾತ್ರ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಮ್ಮಿ. ಗಾಳಿ ಕಮ್ಮಿ ಇದ್ದರೂ ನಷ್ಟವೇ. ನಾಲ್ಕೂ ಟೈರಲ್ಲಿ ಒಂದೊಂದು ಪಾಯಿಂಟ್ ಇಳಿದರೆ ಮೈಲೇಜ್ ಸುಮಾರು ಶೇ 0.2 ಇಳಿಯುತ್ತದೆ ಅಂತ ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಬಾಗಿಲ ಹತ್ತಿರ ಅಂಟಿಸಿದ ಚೀಟಿಯಲ್ಲಿ ಇರುವಷ್ಟು ಹಾಕಿಸಿ, ಸಾಕು.

ಪೆಟ್ರೋಲ್ ಬಂಕಿನ ನಂಬಿಕೆಗಳಂತೂ ಕೇಳಬೇಡಿ. ಬೆಳಗ್ಗೆ ತಂಪಲ್ಲಿ ಹಾಕಿಸಿದರೆ ಜಾಸ್ತಿ ಬರುತ್ತದೆ ಅನ್ನುತ್ತಾರೆ. ಪೆಟ್ರೋಲ್ ಒಂದು ಡಿಗ್ರಿಗೆ ಹಿಗ್ಗುವುದು ಸುಮಾರು ಶೇ 0.1. ಬಂಕಿನ ಟ್ಯಾಂಕ್ ಇರುವುದು ನೆಲದಡಿ, ಅಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅಂಥ ವ್ಯತ್ಯಾಸವೇ ಇಲ್ಲ. ಎರಡು ಡಿಗ್ರಿ ಅಂತಲೇ ಇಟ್ಟುಕೊಂಡರೂ 5 ಲೀಟರಿಗೆ 10 ಮಿಲಿ. ನೂರರ ಬದಲು ನೂರಹತ್ತು ರೂಪಾಯಿಗೆ ಹಾಕಿಸಿದರೆ ಮೋಸ ಆಗಲ್ಲ ಅನ್ನುವುದಕ್ಕೂ ಅರ್ಥವಿಲ್ಲ, ಮೆಷಿನ್ ಅಳೆಯುವುದು ಲೀಟರನ್ನು. ಅನುಮಾನ ಬಂದರೆ 5 ಲೀಟರಿನ ಅಳತೆ ಪಾತ್ರೆ ತರಲು ಹೇಳಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವ ಆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು. 5 ಲೀಟರಿಗೆ 25 ಮಿಲಿ ಆಚೀಚೆ ಆದರೆ ಪರವಾಗಿಲ್ಲ, ಕೊರತೆ ಅದನ್ನೂ ಮೀರಿದರೆ ಕೇಳಬಹುದು.

ಹಾಗಾದರೆ ನಿಜವಾಗಿ ದುಡ್ಡು ಹೋಗುವುದು ಎಲ್ಲಿ? ಬ್ರೇಕಿನಲ್ಲಿ. 1000 ಕಿಲೋ ತೂಕದ ಕಾರು 60ರ ವೇಗಕ್ಕೆ ಬರಬೇಕಾದರೆ, ವೇಗ ಹೆಚ್ಚಿಸುವುದಕ್ಕೆಂದೇ ಸುಮಾರು 17 ಮಿಲಿ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿ ಅಂದರೂ ಸುಮಾರು ಒಂದೂಮುಕ್ಕಾಲು ರೂಪಾಯಿ. ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದ ಪ್ರತಿ ಸಲ ಆ ಒಂದೂಮುಕ್ಕಾಲು ರೂಪಾಯಿ ಬಿಸಿಯಾಗಿ ಗಾಳಿಗೆ ಹೋಯಿತು. ದಿನಕ್ಕೆ ಮೂವತ್ತು ಸಲ ಹೀಗೆ ನಿಲ್ಲಿಸಿದರೆ ಐವತ್ತು ರೂಪಾಯಿ.

ಇದನ್ನು ಚೆನ್ನಾಗಿ ಬಲ್ಲವರು ಸರ್ಕಾರಿ ಬಸ್ಸಿನ ಹಳೇ ಚಾಲಕರು. ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಅನ್ನುವುದಕ್ಕೆ ಅವರು ಕೆಎಂಪಿಎಲ್ ಅನ್ನುತ್ತಾರೆ, ಡಿಪೋದಲ್ಲಿ ಅದರ ಲೆಕ್ಕ ಇಡುತ್ತಾರೆ. ಮುಂದಿನ ಸೀಟಿನಲ್ಲಿ ಕೂತು ಅವರ ಬಲಗಾಲು ನೋಡಿ. ಸ್ಟಾಪ್ ಇನ್ನೂ ಇನ್ನೂರು ಮೀಟರ್ ಇರುವಾಗಲೇ ಕಾಲು ಆಕ್ಸಿಲರೇಟರ್‌ನಿಂದ ಮೇಲೆದ್ದಿರುತ್ತದೆ. ಬಸ್ಸು ಗೇರ್‌ನಲ್ಲೇ ತಾನಾಗಿ ನಿಧಾನ ಆಗುತ್ತಾ ಬರುತ್ತದೆ. ಕೊನೆಯ ಹತ್ತು ಮೀಟರಿಗೆ ಮಾತ್ರ ಬ್ರೇಕು. ಅದೇ ಸ್ಟಾಪಿಗೆ ನಮ್ಮ ಕಾರು ಹೇಗೆ ಬರುತ್ತದೆ ಅಂತ ನೆನೆಸಿಕೊಂಡರೆ ನನಗೇ ನಾಚಿಕೆ.

ಹೆದ್ದಾರಿಯಲ್ಲಿ ಗಾಳಿಯದ್ದೇ ಕಾಟ. 80ರಿಂದ 100ಕ್ಕೆ ಏರಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಸಿಗ್ನಲ್ಲಿನಲ್ಲಿ ಹತ್ತು ಸೆಕೆಂಡಿಗಿಂತ ಜಾಸ್ತಿ ನಿಲ್ಲಬೇಕು ಅಂತಾದರೆ ಆಫ್ ಮಾಡುವುದೇ ಲಾಭ. ಬೆಂಗಳೂರಿನವರಿಗೆ ಇದೊಂದೇ ಸಾಕು, ತಿಂಗಳಿಗೆ ಒಂದು ಮಸಾಲೆದೋಸೆ ಖರ್ಚಾದರೂ ಹುಟ್ಟುತ್ತದೆ.

ಈಗ ನಿಮ್ಮ ತಂದೆಯವರ ವಿಷಯ. ವಾದ ಮಾಡಬೇಡಿ, ಗೆಲ್ಲುವುದಿಲ್ಲ. ಬಹಳಷ್ಟು ಕಾರುಗಳ ಮೀಟರಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಪಟ್ಟಿ ಇರುತ್ತದೆ. ಮುಂದಿನ ಸಲ ಹೋಗುವಾಗ ಅದನ್ನು ತೆರೆದಿಡಿ. ಅವರು ನ್ಯೂಟ್ರಲ್‌ನಲ್ಲಿ 30ರ ವೇಗದಲ್ಲಿ ಇಳಿಯುವಾಗ ಅದು ಲೀಟರಿಗೆ 50ರ ಆಸುಪಾಸು ತೋರಿಸುತ್ತದೆ. ಅವರಿಗೆ ಖುಷಿಯಾಗುತ್ತದೆ, ಆಗಲಿ. ವಾಪಸ್ ಬಂದು ಇನ್ನೊಂದು ದಿನ ನೀವು ಸ್ಟೀರಿಂಗ್ ಹಿಡಿದು ಸೆಕೆಂಡ್ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆ ಇಳಿಯಿರಿ. ಪಟ್ಟಿ ಕೊನೆಯ ಗೆರೆಗೆ ಹೋಗಿ ಅಲ್ಲೇ ಕೂರುತ್ತದೆ. ನೀವು ಏನೂ ಹೇಳಬೇಡಿ. ಘಾಟಿಯ ಕೆಳಗಿನ ಸೋಮೇಶ್ವರ ಬರುವಷ್ಟರಲ್ಲಿ ಅವರೇ ಮೀಟರ್ ಕೆಟ್ಟಿದೆ ಅಂತಾರೆ.